ಮಡಿವಾಳೆಪ್ಪನವರನ್ನು ಎಲ್ಲಿ ಕೂಡ್ರಿಸುವುದು

ಜನ ಡಾಕ್ಟರಿಗೆ ಹೇಳದ್ದನ್ನು, ಮಠದ ಸ್ವಾಮಿಗಳಿಗೂ ಹೇಳದ್ದನ್ನು ನನಗೆ ಹೇಳುತ್ತಾರೆ. ಯಾಕೆಂದರೆ ನಾನು ಅಣ್ಣಿಗೇರಿಯ ಸಣ್ಣ ಉಳಿತಾಯದ ಏಜೆಂಟ. ನೌಕರಿ ಮುಗಿಯುತ್ತ ಬಂದವರ ಮನೆಗೆ ಲೂನಾ ಹತ್ತಿ ಹೋಗಿ, ಬರುವ ಇಡಿಗಂಟನ್ನು ಎಲ್ಲಿ ಇಟ್ಟರೆ ಮುಪ್ಪಿನಲ್ಲಿ ಯಾರ ಮುಂದೂ ಕೈ ಒಡ್ಡದೆ ಬದುಕಬಹುದು ಎಂದು ಬಿಡಿಸಿ ಹೇಳುವುದು ನನ್ನ ಕಸುಬು. ಬೊಂಬಾಯಿಯಲ್ಲಿ ಇಂಥವರನ್ನು ಸಲಹೆಗಾರ ಎಂದು ಕರೆದು ಕುರ್ಚಿ ಕೊಡುತ್ತಾರಂತೆ. ನಮ್ಮಲ್ಲಿ “ಈರಬಸಪ್ಪ ಬಂದಾನ, ಚಾ ಇಡು” ಎನ್ನುತ್ತಾರೆ. ನನಗೆ ಅಷ್ಟು ಸಾಕು.

ಎಂಬತ್ತೇಳರ ಬೇಸಿಗೆಯಲ್ಲಿ ನನ್ನ ಕೈಗೆ ಸಿಕ್ಕವರು ಮಡಿವಾಳೆಪ್ಪ. ರೈಲ್ವೆ ಸ್ಟೇಷನ್ನಿನಲ್ಲಿ ಪಾರ್ಸೆಲ್ ಗುಮಾಸ್ತರು. ಮೇ ತಿಂಗಳ ಕೊನೆಗೆ ನಿವೃತ್ತಿ. ಹಣೆಗೆ ವಿಭೂತಿ, ಜೇಬಿಗೆ ಎರಡು ಪೆನ್ನು, ಬಾಯಿಗೆ ಬೀಗ. ದಿನವೆಲ್ಲ ಕೂಗಾಡುವ ಹಮಾಲರ ನಡುವೆ ಕೂತು ಬರುತ್ತಿದ್ದುದಕ್ಕೋ ಏನೋ, ಮನೆಗೆ ಬಂದ ಮೇಲೆ ಮಾತೇ ಆಡುತ್ತಿರಲಿಲ್ಲ. ಆಡಿದರೆ ಅದು ಯಾರದಾದರೂ ತಪ್ಪು ತೋರಿಸಲು. ಮಗಳು ಕುಂದಗೋಳದಲ್ಲಿ ಗಂಡನ ಮನೆಯಲ್ಲಿ ಸುಖವಾಗಿದ್ದಳು, ಮನೆ ಸ್ವಂತದ್ದು, ಪಿಂಚಣಿ ಬರುವುದಿತ್ತು. ಪ್ರಾವಿಡೆಂಟ್ ಫಂಡಿನ ಗಂಟಿನಲ್ಲಿ ದೊಡ್ಡ ಪಾಲು ತಿಂಗಳ ಬಡ್ಡಿಗೆ, ಸಣ್ಣ ಪಾಲು ರೋಗರುಜಿನಕ್ಕೆ ಎಂದು ಹಂಚಿಕೊಟ್ಟೆ. ಅವರು ಲೆಕ್ಕವನ್ನು ತಿರುಗಿಸಿ ಮುರುಗಿಸಿ ನೋಡಿ, ಒಂದು ತಪ್ಪು ಹಿಡಿದು, ಒಪ್ಪಿದರು. ಒಂದೇ ಬೈಠಕಿನಲ್ಲಿ ಒಬ್ಬ ಮನುಷ್ಯನ ಮುಪ್ಪನ್ನು ನೇರ್ಪು ಮಾಡಿದೆ ಎಂದು ನಾನು ಮೀಸೆ ಸವರಿಕೊಂಡು ಹೊರಬಿದ್ದೆ.

ಎರಡು ದಿನಕ್ಕೆ ಅವರ ಹೆಂಡತಿ ರೇವವ್ವನಿಂದ ಕರೆ ಬಂತು. ಯಜಮಾನರು ಸ್ಟೇಷನ್ನಿಗೆ ಹೋದ ಮೇಲೆ, ಮಧ್ಯಾಹ್ನ ಊಟದ ಹೊತ್ತು ದಾಟಿಸಿ ಬರಬೇಕಂತೆ. ಹೆಂಡತಿಯರು ಗುಟ್ಟಾಗಿ ಕರೆಸಿದರೆ ನನ್ನ ಕಿವಿ ನೆಟ್ಟಗಾಗುತ್ತವೆ. ಅಕ್ಕಿ ಡಬ್ಬಿಯಲ್ಲಿ, ದೇವರ ಜಗುಲಿಯ ಹಿಂದೆ ಏನೇನು ಅಡಗಿರುತ್ತದೆ ಎಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಲೂನಾ ಅಂದು ತಾನೇ ಓಡಿತು.

ಪಡಸಾಲೆಯಲ್ಲಿ ಕೌದಿ ಹಾಸಿತ್ತು. ಹಳೆ ಸೀರೆಗಳ ತುಂಡು ಕೂಡಿಸಿ ಹೊಲಿಯುವ ಹೊದಿಕೆಯೆಂದರೆ ನಮ್ಮ ಕಡೆ ಮನೆಮನೆಯಲ್ಲಿ ಉಂಟು, ಆದರೆ ರೇವವ್ವನ ಪಡಸಾಲೆಯ ಕೌದಿಗೆ ಅದರದೇ ಶಿಸ್ತು. ನಾಲ್ಕು ಮೂಲೆಗೆ ನಾಲ್ವರು: ರೇವವ್ವ, ಬಾಜು ಮನೆಯ ಹಲೀಮಾಬಿ, ಹಿಂದಿನ ಓಣಿಯ ದುರ್ಗವ್ವ, ಕೆಂಚವ್ವ. ಒಬ್ಬೊಬ್ಬರೂ ತಮ್ಮ ಮೂಲೆ ಹಿಡಿದು, ಅಂಚಿನಿಂದ ಒಳಕ್ಕೆ ಹೊಲಿಯುತ್ತ ಬರಬೇಕು. ಹಿಡಿದ ಮೂಲೆ ಮುಗಿಯುವ ತನಕ ಬಿಡುವಂತಿಲ್ಲ. ಒಬ್ಬರ ಮೂಲೆಗೆ ಇನ್ನೊಬ್ಬರ ಕೈ ಬಿದ್ದರೆ ಹೊಲಿಗೆ ಬಿಗಿ ತಪ್ಪಿ ಬಟ್ಟೆ ಸುಕ್ಕಾಗುತ್ತದೆ. ಕೈ ಹೊಲಿಯುತ್ತಿದ್ದಷ್ಟು ಹೊತ್ತೂ ಬಾಯಿ ಊರನ್ನು ಬಿಚ್ಚುತ್ತದೆ. ನಾನು ಹೊಸ್ತಿಲು ದಾಟಿದ್ದೇ ತಡ, ನಾಲ್ಕೂ ಬಾಯಿ ಮುಚ್ಚಿದವು.

ರೇವವ್ವ ಎದ್ದು ನನ್ನನ್ನು ಅಡಿಗೆಮನೆಯ ಬಾಗಿಲಿಗೆ ಕರೆದೊಯ್ದಳು. ನಾನು ಚೀಲ ಬಿಚ್ಚಲು ಹೋದೆ. ಅವಳು ಬೇಡವೆಂದು ಕೈಯಾಡಿಸಿದಳು.

“ರೊಕ್ಕಾ ಎಲ್ಲಿ ಇಡೂದಂತ ಭಾಳ ಛಲೋ ಹೇಳೀರಿ. ಇವರನ್ನ ಎಲ್ಲಿ ಇಡೂದು? ಅದನ್ನ ಹೇಳಲೇ ಇಲ್ಲಲ್ರಿ.”

ನನಗೆ ನಗು ಬಂತು, ಅವಳಿಗೆ ಬರಲಿಲ್ಲ. ಹಿಂದಿನ ವರ್ಷ ಮಡಿವಾಳೆಪ್ಪನವರಿಗೆ ಜ್ವರ ಬಂದು ವಾರಗಟ್ಟಲೆ ಮನೆಯಲ್ಲಿದ್ದರಂತೆ. ಜ್ವರ ಇಳಿದದ್ದೇ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಬಂದ ಹೆಣ್ಣುಮಕ್ಕಳನ್ನೆಲ್ಲ ಪಾರ್ಸೆಲ್ ತಂದವರನ್ನು ಕೇಳಿದ ಹಾಗೆ “ಏನ್ ಕೆಲಸ?” ಎಂದು ಕೇಳಿದರಂತೆ. ಏನು ಕೆಲಸ ಎಂದು ಹೇಳುವುದು? ಊರ ಸುದ್ದಿ ಆಡಲು ಬಂದೆವು ಎನ್ನಬೇಕೇ? ಹಲೀಮಾಬಿ ಸಕ್ಕರೆ ಕಡ ಕೇಳಲು ಬಂದೆ ಎಂದು ಸುಳ್ಳು ಹೇಳಿ ಬೇಡದ ಸಕ್ಕರೆ ಒಯ್ದಳು. ಆಮೇಲೆ ಯಾರೂ ಇತ್ತ ಸುಳಿಯಲಿಲ್ಲ. ಅವರು ನೌಕರಿಗೆ ಮರಳಿದ ಮೇಲೂ ಕೌದಿ ಮತ್ತೆ ಹಾಸಲು ದೀಪಾವಳಿ ದಾಟಬೇಕಾಯಿತು.

“ನನಗ ತವರಮನಿ ಉಳಿದಿಲ್ರಿ,” ಎಂದಳು ರೇವವ್ವ. “ಅವ್ವ ಹೋದ್ಲು, ಅಣ್ಣನೂ ಹೋದ. ಈ ಮಧ್ಯಾಹ್ನ ಒಂದಽ ನನಗಿರೂದು. ಇವರು ದಿನಾ ಮನ್ಯಾಗ ಕುಂತ್ರ ಅದೂ ಹೋತು.”

ಮನಸ್ಸಿಗೆ ಚುರುಕ್ ಎಂದಿತು, ಸುಳ್ಳೇಕೆ ಹೇಳಲಿ. ಆದರೆ ಅವಳು ಅಲ್ಲಿಗೇ ನಿಲ್ಲಿಸದೆ ವ್ಯಾಪಾರಕ್ಕೂ ಇಳಿದಳು. ಯಜಮಾನರು ಮುಂಜಾನೆ ಹೋಗಿ ಸಂಜೆ ಬರುವ ಹಾಗೆ ನಾನು ಏನಾದರೂ ಹೂಡಿಕೊಟ್ಟರೆ, ನಾಲ್ಕು ಮೂಲೆಯ ನಾಲ್ವರೂ ನನ್ನ ಹತ್ತಿರ ಖಾತೆ ತೆರೆಯುತ್ತಾರೆ. ಪಡಸಾಲೆಯಿಂದ ಉಳಿದ ಮೂವರು ನನ್ನನ್ನೇ ನೋಡುತ್ತಿದ್ದರು. ನಾಲ್ಕು ಅಕ್ಕಿ ಡಬ್ಬಿ ಒಟ್ಟಿಗೇ ಬಾಯಿ ತೆರೆದಂತೆ ಕಂಡು ನಾನು ಆಗಲಿ ಎಂದುಬಿಟ್ಟೆ.

ಮಡಿವಾಳೆಪ್ಪನವರನ್ನು ಸ್ಟೇಷನ್ನಿನಲ್ಲೇ ಹಿಡಿದೆ. ಕಾಳುಕಡಿ ಮಾರಿಸಿಕೊಡುವ ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವರು ಬೇಕಾಗಿದ್ದಾರೆ ಎಂದೆ. ಜೀವನವೆಲ್ಲ ಮಂದಿಯ ಚೀಲ ಎಣಿಸಿದ್ದು ಸಾಕು ಎಂದರು. ಹಿಟ್ಟಿನ ಗಿರಣಿ ಹಾಕಿದರೆ ಹೇಗೆ ಎಂದೆ. ಕೆಮ್ಮು ಬರುತ್ತದೆ ಎಂದರು. ಆಗ ನನ್ನ ತಲೆಗೊಂದು ಕುತಂತ್ರ ಹೊಳೆಯಿತು. ಲೆಕ್ಕದ ಮನುಷ್ಯನನ್ನು ಲೆಕ್ಕದಿಂದಲೇ ಬೀಳಿಸಬೇಕು. ನಿವೃತ್ತರಾದವರು ಮನೆಯಲ್ಲಿ ಕೂತರೆ ಖರ್ಚು ಎಷ್ಟು ಏರುತ್ತದೆ ಗೊತ್ತೇ ಎಂದು ಗಂಭೀರವಾಗಿ ಶುರುಮಾಡಿದೆ. ಹೊತ್ತು ಹೋಗದೆ ಮತ್ತೆ ಮತ್ತೆ ಚಹಾ, ತಿನ್ನಲು ಚೂಡಾ, ತಲೆಯ ಮೇಲೆ ಫ್ಯಾನು. ಮನೆಯಲ್ಲಿ ಕೂತವರ ಗಂಟು ಕರಗುವುದನ್ನು ಕಣ್ಣಾರೆ ಕಂಡಿದ್ದೇನೆ ಎಂದು, ಕಾಣದ ಮೂರು ನಾಲ್ಕು ಜನರ ಗತಿಯನ್ನೂ ಹೇಳಿದೆ.

ಅವರು ಪೆನ್ನು ತೆಗೆದರು. ಹಳೆಯ ಲೇಬಲ್ಲೊಂದರ ಹಿಂದೆ ಅಡ್ಡಗೆರೆ ಎಳೆದು ಮನೆಯೊಳಗಿನ ಖರ್ಚು ಒಂದು ಕಡೆ, ಹೊರಗಿನ ಖರ್ಚು ಇನ್ನೊಂದು ಕಡೆ ಬರೆದರು. ಹೊರಗೆ ಹೋದರೆ ಹೋಟೆಲ್ಲಿನ ಚಹಾ ಮನೆಯದಕ್ಕಿಂತ ತುಟ್ಟಿ. ಒಬ್ಬರೇ ಕುಡಿಯುವ ಹಾಗಿಲ್ಲ, ಎದುರಿಗೆ ಕೂತವನಿಗೂ ಕೊಡಿಸಬೇಕು. ಎಲೆ ಅಡಿಕೆ, ಚಪ್ಪಲಿಯ ಸವೆತ, ಗುಡಿ ಕಟ್ಟಿಸಲು ವಂತಿಗೆ ಕೇಳುವವರ ಪಾವತಿ ಪುಸ್ತಕ. ಕೂಡಿಸಿ ನನ್ನ ಕಡೆ ತಿರುಗಿಸಿದರು. ಮನೆಯಲ್ಲಿ ಕೂಡುವುದೇ ಅಗ್ಗ ಎಂದು ನನ್ನ ಲೆಕ್ಕದಿಂದಲೇ ಸಿದ್ಧವಾಗಿತ್ತು.

“ಛಲೋ ನೆನಪು ಮಾಡಿದ್ರಿ,” ಎಂದರು, ಬಹಳ ಮೆಚ್ಚಿ. “ಸಂಜೀಕ ಕಟ್ಟಿ ಮ್ಯಾಲೆ ಹೋಗಿ ಕುಂದರಬೇಕಂತಿದ್ದೆ. ಅದನ್ನೂ ಬಿಟ್ಟೆ ಈಗ.”

ಇದನ್ನು ರೇವವ್ವನಿಗೆ ತಿಳಿಸಲು ಹೋದಾಗ ಲೂನಾ ತಾನೇ ನಿಂತಿತು ಎಂದರೂ ನಡೆಯುತ್ತದೆ. ಅವಳು ಬೈಯಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿ, ನೀವು ರೊಕ್ಕದ್ದಷ್ಟೇ ನೋಡಿಕೊಳ್ಳಿರಿ, ಉಳಿದದ್ದು ನಾನು ನೋಡುತ್ತೇನೆ ಎಂದಳು. ಬೈದಿದ್ದರೆ ಇಷ್ಟು ನಾಟುತ್ತಿರಲಿಲ್ಲ.

ನಿವೃತ್ತಿಯ ದಿನ ಹಮಾಲರು ಮಡಿವಾಳೆಪ್ಪನವರ ಕೊರಳಿಗೆ ಮಾಲೆ ಹಾಕಿ, ಕೈಗೆ ಗೋಡೆ ಗಡಿಯಾರ ಕೊಟ್ಟು ಮನೆಯ ತನಕ ಕರೆತಂದರು. ನಾನೂ ಜೊತೆಗಿದ್ದೆ. ಬಾಗಿಲಲ್ಲಿ ಎಲ್ಲರೂ ಗಕ್ಕನೆ ನಿಂತೆವು. ಒಳಗೆ ಕಾಲಿಡಲು ಜಾಗವಿರಲಿಲ್ಲ. ಗೋಡೆಗುಂಟ ಒಂದು ಗೇಣು ಬಿಟ್ಟರೆ ಪಡಸಾಲೆಯ ತುಂಬ ಒಂದೇ ಕೌದಿ ಹಾಸಿತ್ತು. ಅಷ್ಟು ದೊಡ್ಡ ಕೌದಿಯನ್ನು ಆನೆಗೆ ಹೊದಿಸಬೇಕೇ ಹೊರತು ಮನುಷ್ಯರಿಗಲ್ಲ. ಕುರ್ಚಿ ಅಟ್ಟ ಸೇರಿತ್ತು. ನಾಲ್ಕು ಮೂಲೆಯಲ್ಲಿ ನಾಲ್ವರು ತಲೆ ತಗ್ಗಿಸಿ ಹೊಲಿಯುತ್ತಿದ್ದರು. ಹೊಲಿಯುವ ಕೌದಿಯನ್ನು ನಮ್ಮ ಕಡೆ ತುಳಿಯುವುದಿಲ್ಲ. ರೇವವ್ವ ಲೆಕ್ಕ ಹಾಕಿದ್ದು ಇಷ್ಟೇ: ಗಂಡ ನೋಡುತ್ತಾರೆ, ಗೊಣಗುತ್ತಾರೆ, ಮಾಲೆಯ ಸಮೇತ ಕಟ್ಟೆಗೆ ಹೋಗುತ್ತಾರೆ. ನಾಳೆಯೂ ಹಾಗೇ, ನಾಡಿದ್ದೂ ಹಾಗೇ.

ಆರತಿ ಮಾಡಲು ಅವಳು ಏಳಲೇಬೇಕಾಯಿತು. ಎದ್ದಳು, ಮಾಡಿದಳು, ತಟ್ಟೆ ಇಡಲು ಒಳಗೆ ಹೋದಳು. ಅಷ್ಟರಲ್ಲಿ ಮಡಿವಾಳೆಪ್ಪ ಚಪ್ಪಲಿ ಬಿಟ್ಟು, ಗೋಡೆಗೆ ಒರಗಿ ಅಂಚಿನಲ್ಲೇ ನಡೆದು ಬಂದು, ಖಾಲಿ ಬಿದ್ದ ಅವಳ ಮೂಲೆಯಲ್ಲಿ ಕೂತುಬಿಟ್ಟರು. ಎಲ್ಲಿಗೂ ಹೋಗಬೇಕಾಗಿಲ್ಲದ ಮನುಷ್ಯನ ಮುಖ ಅವತ್ತು ಮೊದಲ ಸಲ ನೋಡಿದೆ. ಪಾಪ ಅನ್ನಿಸಿತು. ಅವರು ಕೌದಿಯ ಮೇಲೆ ಕೈಯಾಡಿಸುತ್ತ ಒಂದು ಹಸಿರು ತುಂಡಿನ ಹತ್ತಿರ ತಡೆದು, ಇದು ಕೆಂಚವ್ವನ ಮದುವೆಯ ಸೀರೆ ಅಲ್ಲವೇ ಎಂದು ಕೇಳಿದರು. ಆ ಸೀರೆಯ ಪಾರ್ಸೆಲ್ ತಪ್ಪಿ ಹೊಸಪೇಟೆಗೆ ಹೋಗಿತ್ತಂತೆ. ತಿರುಗಿ ಬರುವ ತನಕ ಗಂಡಿನ ಕಡೆಯ ಬೀಗರು ಎರಡು ದಿನ ಸ್ಟೇಷನ್ನಿನಲ್ಲಿ ಕೂತು, ಹುಡುಗಿಯ ಕಡೆಯವರಿಗೆ ಮಾತ್ರ ಸೀರೆಗೆ ಗೋಟು ಹಚ್ಚಲು ಕೊಟ್ಟಿದ್ದೇವೆ ಎಂದು ಹೇಳಿ ಕಳಿಸಿದ್ದರಂತೆ. ಕೆಂಚವ್ವನಿಗೆ ಇದು ಆವತ್ತಿನವರೆಗೂ ಗೊತ್ತಿರಲಿಲ್ಲ. ಅವಳ ಸೂಜಿ ನಿಂತಿತು. ಹಲೀಮಾಬಿ ಮುಂದಕ್ಕೆ ಜರುಗಿ ಕೂತಳು. ರೇವವ್ವ ಹೊರಬಂದಾಗ ಅವಳ ಮೂಲೆಯೂ ಹೋಗಿತ್ತು, ಮಂದಿಯೂ ಗಂಡನ ಪಾಲಾಗಿದ್ದರು.

ಮೂರು ವಾರ ಬಿಟ್ಟು ಒಂದು ರುಜುವಿಗಾಗಿ ಆ ಮನೆಗೆ ಹೋದೆ. ನಗು ಓಣಿಯ ತುದಿಗೇ ಕೇಳಿಸುತ್ತಿತ್ತು. ಮಡಿವಾಳೆಪ್ಪ ಅದೇ ಮೂಲೆಯಲ್ಲಿ ಕೂತು, ಹತ್ತಿ ವ್ಯಾಪಾರಿಯೊಬ್ಬನ ಹಳೆಯ ಸಂಗತಿ ಹೇಳುತ್ತಿದ್ದರು. ಅವನು ಗಿರಣಿ ಸಾಮಾನು ಎಂದು ಬರೆಸಿ ಗದಗಿಗೆ ಕಳಿಸಿದ ಪೆಟ್ಟಿಗೆ, ಹಮಾಲ ಕೈಬಿಟ್ಟಾಗ “ಸಾ” ಎಂದು ಹಾಡಿತ್ತಂತೆ. ಮೂವರು ಹೊಟ್ಟೆ ಹಿಡಿದುಕೊಂಡಿದ್ದರು. ಕೌದಿಯ ಮೂರು ಕಡೆ ಹೊಲಿಗೆ ಮೊಳದಷ್ಟು ಒಳಗೆ ಬಂದಿತ್ತು. ನಾಲ್ಕನೆಯ ಮೂಲೆ ಹಾಗೇ ಬಿದ್ದಿತ್ತು. ರೇವವ್ವ ಅಡಿಗೆಮನೆಯಲ್ಲಿ ಅಷ್ಟೂ ಜನಕ್ಕೆ ಚಹಾ ಕಾಸುತ್ತಿದ್ದಳು.

ನಾನು ಅಡಿಗೆಮನೆಯ ಬಾಗಿಲಿಗೆ ಹೋಗಿ ನಿಂತೆ. ನನ್ನ ಜಾಣತನದ ಫಲವೆಲ್ಲ ಅಲ್ಲಿ ಒಲೆಯ ಮುಂದೆ ಕೂತಿತ್ತು, ನೋಡಲು ನಾಚಿಕೆಯಾಯಿತು. ಅವಳು ತಲೆ ಎತ್ತಲಿಲ್ಲ. ಪಡಸಾಲೆಯಲ್ಲಿ ಮತ್ತೊಮ್ಮೆ ನಗೆ ಎದ್ದಾಗ ಸೌಟು ಕೆಳಗಿಟ್ಟು, ಸೆರಗು ಸಿಗಿಸಿಕೊಂಡು ಹೊರಗೆ ನಡೆದಳು. ಗಂಡನ ಮುಂದೆ ಹೋಗಿ ನಿಂತಳು.

“ಏಳ್ರಿ,” ಎಂದಳು. “ಇದು ನನ್ನ ಜಾಗಾ. ನಿಮ್ಮ ಆಫೀಸಿಗೆ ಬಂದು ನಿಮ್ಮ ಕುರ್ಚಿ ಮ್ಯಾಲೆ ನಾ ಯಾವತ್ತರೆ ಕುಂತೇನ್ರಿ?”

ಮಡಿವಾಳೆಪ್ಪ ಅವಳನ್ನೂ, ತಾವು ಕೂತ ಜಾಗವನ್ನೂ ನೋಡಿದರು. ಅವರು ಕೆಟ್ಟವರಲ್ಲ, ಈ ಮಾತು ಅವರಿಗೆ ಹೊಳೆದೇ ಇರಲಿಲ್ಲ ಎಂಬುದು ಮುಖದಲ್ಲಿ ಕಾಣುತ್ತಿತ್ತು. ಗೋಡೆ ಹಿಡಿದು ಎದ್ದರು. ಮತ್ತೆಲ್ಲಿ ಕೂಡಲಿ ಎಂದು ಕೇಳಿದರು, ಜಗಳಕ್ಕಲ್ಲ, ನಿಜವಾಗಿಯೇ ತಿಳಿಯದೆ. ಚಹಾ ಕುದಿಯುತ್ತಿದೆ, ಸೋಸಿ ತರಬೇಕು, ಆಮೇಲೆ ಜಾಗದ ಮಾತು ಎಂದಳು ರೇವವ್ವ. ಅವರು ಒಳಗೆ ಹೋದರು. ಪಾತ್ರೆಗಳು ಒಂದಕ್ಕೊಂದು ಬಡಿದವು, ಏನೋ ಚೆಲ್ಲಿದ ಸದ್ದಾಯಿತು. ರೇವವ್ವ ತನ್ನ ಮೂಲೆಯಲ್ಲಿ ಕೂತು ಸೂಜಿಗೆ ದಾರ ಪೋಣಿಸಿದಳು.

ಒಂದು ಗಳಿಗೆಯ ಮೇಲೆ ತಟ್ಟೆ ಹಿಡಿದುಕೊಂಡು ಬಂದರು. ಪಂಚೆಯ ಮೇಲೆಲ್ಲ ಚಹಾ. ಎಲ್ಲರಿಗೂ ಕೊಟ್ಟು, ನನಗೂ ಕೊಟ್ಟು, ಅಡಿಗೆಮನೆಯ ಹೊಸ್ತಿಲಲ್ಲಿ ನನ್ನ ಪಕ್ಕ ನಿಂತರು. ರೇವವ್ವ ಒಂದು ಗುಟುಕು ಕುಡಿದು ಕಪ್ಪು ಕೆಳಗಿಟ್ಟಳು.

“ಆ ಪೆಟ್ಟಿಗಿ ಕಥಿ ಹೇಳ್ರಿ ಈಗ. ಮೊದಲಿಂದ ಹೇಳ್ರಿ. ಒಳಗ ಕುಂತು ಒಂದು ಕಥೀದೂ ಕೊನಿ ನನಗ ಕೇಳಿಲ್ಲ.”

ಹಲೀಮಾಬಿ ಆಗಲೇ ಅರ್ಧ ಕೇಳಿದ್ದಳು, ಆದರೂ ಮತ್ತೆ ಕಿವಿ ಕೊಟ್ಟಳು. ಮಡಿವಾಳೆಪ್ಪ ನಿಂತುಕೊಂಡೇ ಮೊದಲಿನಿಂದ ಹೇಳಿದರು. ಪೆಟ್ಟಿಗೆಯೊಳಗಿದ್ದದ್ದು ಹಾರ್ಮೋನಿಯಂ. ಗದಗಿನಲ್ಲಿ ಅದನ್ನು ಬಿಡಿಸಿಕೊಂಡವಳು ಯಾವಳೋ ಇರಬೇಕೆಂದು ಸ್ಟೇಷನ್ನೆಲ್ಲ ಗುಸುಗುಸು. ಕೊನೆಗೆ ನೋಡಿದರೆ ಬಿಡಿಸಿಕೊಂಡವನು ಆ ವ್ಯಾಪಾರಿಯೇ. ಅವನಿಗೆ ಹಾಡಿನ ಹುಚ್ಚು. ಹೆಂಡತಿ ಏನನ್ನುತ್ತಾಳೋ ಎಂದು ಹೆದರಿ, ಗದಗಿನಲ್ಲಿ ಒಂದು ಕೋಣೆ ಹಿಡಿದು, ವಾರಕ್ಕೊಮ್ಮೆ ಹೋಗಿ ಕದ್ದು ಬಾರಿಸುತ್ತಿದ್ದ. ಸಾಯುವ ತನಕ ಮನೆಯಲ್ಲಿ ಒಂದು ಸ್ವರ ನುಡಿಸಲಿಲ್ಲ.

ಮೂವರೂ ನಕ್ಕರು, ನಾನೂ ನಕ್ಕೆ. ರೇವವ್ವ ನಗಲಿಲ್ಲ. ಹೊಲಿಗೆಯಿಂದ ಕಣ್ಣು ತೆಗೆಯದೆ ಕೇಳಿದಳು.

“ಮನ್ಯಾಗ ಬಾರಿಸಿದ್ರ ಆಕಿ ಬ್ಯಾಡ ಅಂತಿದ್ದಳೇನ್ರಿ?”

“ಅಂವಾ ಆಕಿನ್ನ ಕೇಳಲೇ ಇಲ್ಲ,” ಎಂದರು ಮಡಿವಾಳೆಪ್ಪ. ಆಮೇಲೆ ಬಗ್ಗಿ, ಕೌದಿ ತುಳಿಯದ ಹಾಗೆ ಅಂಚಿನಲ್ಲೇ ನಡೆದು, ಖಾಲಿ ಕಪ್ಪುಗಳನ್ನು ಒಂದೊಂದಾಗಿ ಎತ್ತಿಕೊಂಡು ಒಳಗೆ ಹೋದರು.