ಒಂದಿಂಚು ತಗ್ಗಿದ ಸೈಕಲ್ಲು

ಹಂಪಣ್ಣ ಕುಕ್ಕರಗಾಲಲ್ಲಿ ಕೂತು ಸೈಕಲ್ಲಿನ ಎಡ ಪೆಡಲನ್ನು ಹೆಬ್ಬೆರಳಿನಿಂದ ಉಜ್ಜಿದ. ಕೆಂಪು ಗರಸು ಉದುರಿತು. ಅದರಡಿಯ ಕಬ್ಬಿಣ ಹೊಸದಾಗಿ ಕೆರೆದುಹೋಗಿ ಬೆಳ್ಳಗೆ ಮಿನುಗುತ್ತಿತ್ತು. ಇನ್ನೊಮ್ಮೆ ಉಜ್ಜಿದ. ಮಿನುಗು ಹೋಗಲಿಲ್ಲ.

"ಏನ್ ನೋಡಾಕತ್ತಿ ಹಂಪಣ್ಣ? ಸೈಕಲ್‌ಗೇನೂ ಆಗಿಲ್ಲ ಬಿಡು," ಅಂದ ಬಸವಲಿಂಗ. ಅವನು ಪಕ್ಕದ ಮನೆಯವನು. ಮುಕ್ಕುಂದ ಊರಿನಲ್ಲಿ ಯಾರ ಮಣ್ಣು ಮಾಡುವುದಿದ್ದರೂ ಮುಂದೆ ನಿಂತು ನಡೆಸುವವನು. ಅಂಗಳದಲ್ಲಿ ಸಿದಿಗೆಗೆ ಹಗ್ಗ ಬಿಗಿಯುತ್ತಿದ್ದ. "ಮುದುಕ ಹೋದ, ಸೈಕಲ್ ಉಳೀತು. ನಿನ್ನ ಕೆಲಸ ಗಟ್ಟಿ ನೋಡು."

ಹಂಪಣ್ಣ ಎದ್ದು ಕೈಯನ್ನು ಲುಂಗಿಗೆ ಒರೆಸಿಕೊಂಡ.

ಒಳಗೆ ಗಿಡ್ಡಪ್ಪನನ್ನು ಮಲಗಿಸಿದ್ದರು. ತಲೆಗೆ ಸುತ್ತಿದ ಆಸ್ಪತ್ರೆಯ ಬಟ್ಟೆ ಕಾಣದ ಹಾಗೆ ಯಾರೋ ರುಮಾಲು ಸುತ್ತಿದ್ದರು. ಅವನು ಬದುಕಿದ್ದಾಗ ಎಂದೂ ರುಮಾಲು ಸುತ್ತಿದವನಲ್ಲ. ಮೂವತ್ತು ವರ್ಷ ಕಾಲುವೆಯ ಗ್ಯಾಂಗ್‌ಮನ್ ಆಗಿ ತೂಬು ಏರಿಸಿ ಇಳಿಸಿದವನು. ನೌಕರಿ ಮುಗಿದು ಹನ್ನೆರಡು ವರ್ಷವಾದರೂ ದಿನಾ ಬೆಳಿಗ್ಗೆ ಸೈಕಲ್ ಹತ್ತಿ ಕಾಲುವೆ ದಂಡೆಯ ಮೇಲೆ ಹೋಗಿ ನೀರು ಎಷ್ಟು ಬಂದಿದೆ ಎಂದು ನೋಡಿ ಬರುತ್ತಿದ್ದ. ಯಾರೂ ಕೇಳುತ್ತಿರಲಿಲ್ಲ. ಆದರೂ ಚಹಾದಂಗಡಿಯಲ್ಲಿ ಹೇಳುತ್ತಿದ್ದ.

ಹೆಣದ ತಲೆಯ ಬಳಿ ಕೂತು ಅವನ ಅಕ್ಕ ಮುದುಕಮ್ಮ ಹಾಡಿಕೊಂಡು ಅಳುತ್ತಿದ್ದಳು. ಮುದಗಲ್ಲಿನಿಂದ ಮೊದಲ ಬಸ್ಸಿಗೆ ಹೊರಟು ಲಿಂಗಸುಗೂರಿನಲ್ಲಿ ಬಸ್ಸು ಬದಲಿಸಿ ಬಂದಿದ್ದಳು. ಎಂಬತ್ತು ದಾಟಿದರೂ ದನಿ ಓಣಿಯ ತುದಿಯವರೆಗೂ ಕೇಳುತ್ತಿತ್ತು.

"ಹೊಟ್ಟಿಗಿ ಹಾಕದs ಕಳಿಸ್ಯಾಳವ್ವೋ... ನನ್ನ ತಮ್ಮನ್ನ ಉಪಾಸ ಗಿರಣಿಗೆ ಕಳಿಸ್ಯಾಳೋ..."

ಅಡಿಗೆಮನೆ ಬಾಗಿಲ ಬಳಿ ಸೊಸೆ ಜಯಶ್ರೀ ಕೂತಿದ್ದಳು. ಅವಳ ಎರಡೂ ಕಡೆ ಒಬ್ಬೊಬ್ಬರು ಕೂರುವಷ್ಟು ಜಾಗ ಖಾಲಿ ಇತ್ತು. ನಿನ್ನೆ ಬೆಳಿಗ್ಗೆ ಕರೆಂಟ್ ಹೋಗುವುದರೊಳಗೆ ಜೋಳ ಬೀಸಿಸಿಕೊಂಡು ಬನ್ನಿ ಎಂದು ಮಾವನಿಗೆ ಹೇಳಿದವಳು ಅವಳೇ. ರೊಟ್ಟಿ ತಿಂದು ಹೋಗಿ ಎಂದೂ ಹೇಳಿದ್ದಳು. ಬಂದು ತಿನ್ನುತ್ತೇನೆ ಎಂದು ಗಿಡ್ಡಪ್ಪ ಚೀಲವನ್ನು ಕ್ಯಾರಿಯರ್‌ಗೆ ಕಟ್ಟಿಕೊಂಡು ಹೋಗಿದ್ದ. ದಂಡೆಯ ಮೇಲೆ, ತೂಬಿನ ತಿರುವಿನಲ್ಲಿ ಬಿದ್ದು, ತೂಬಿನ ಕಲ್ಲಿಗೆ ತಲೆ ಬಡಿಯಿತು. ಸಿಂಧನೂರಿಗೆ ಒಯ್ದರೂ ಉಳಿಯಲಿಲ್ಲ. ಹಸಿದ ಹೊಟ್ಟೆಗೆ ತಲೆ ತಿರುಗಿ ಬಿದ್ದ ಎಂದು ಮೊದಲು ಹೇಳಿದವರು ಯಾರೋ ತಿಳಿಯದು. ಈಗ ಎಲ್ಲರೂ ಅದನ್ನೇ ಹೇಳುತ್ತಿದ್ದರು.

ಕಟ್ಟೆಯ ಮೇಲೆ ಗೌಸ್‌ಸಾಬ್, ಹುಲಿಗೇಶ ಕೂತಿದ್ದರು. ಇಬ್ಬರ ಹೊಲಗಳೂ ಅದೇ ಕಾಲುವೆಯ ನೀರಿಗೆ ಸೇರಿದ್ದವು.

"ನಂದು ಕೆಳಭಾಗದ ಹೊಲ. ಭತ್ತ ಒಣಗಾಕತ್ತಿತ್ತು," ಅಂದ ಗೌಸ್‌ಸಾಬ್. "ಹೋಗಿ ಗಿಡ್ಡಪ್ಪನ ಕಾಲರ್ ಹಿಡಿದೆ. ನಕ್ಕೋಂತ ನಿಂತ. ಮರುದಿನ ನೀರು ಬಂತು ನೋಡು."

"ಅದು ನನ್ನ ಹೊಲದ ನೀರು, ಸಾಬ್ರs. ನಾನೂ ಹೋಗಿ ಕಾಲರ್ ಹಿಡಿದಿದ್ದೆ."

"ನಿನಗೇನಂದ?"

"ನನಗೂ ನಕ್ಕ."

ಇಬ್ಬರೂ ನಕ್ಕುಬಿಟ್ಟರು. ಒಳಗಿನ ಅಳು ಕೇಳಿ ಗೌಸ್‌ಸಾಬ್ ಟವೆಲ್‌ನಿಂದ ಬಾಯಿ ಒರೆಸಿಕೊಂಡ.

ಹಂಪಣ್ಣನಿಗೆ ಆ ನಗು ಗೊತ್ತಿತ್ತು.

*

ಎರಡು ತಿಂಗಳ ಹಿಂದೆ ಗಿಡ್ಡಪ್ಪ ಒಂದು ಕೈಯಲ್ಲಿ ಸೈಕಲ್ ತಳ್ಳಿಕೊಂಡು, ಇನ್ನೊಂದು ಹೆಗಲಿಗೆ ಎರಡು ಗಾಲಿ ನೇತುಹಾಕಿಕೊಂಡು ಹಂಪಣ್ಣನ ಸೈಕಲ್ ರಿಪೇರಿ ಅಂಗಡಿಗೆ ಬಂದಿದ್ದ. ಸೈಕಲ್ಲು ಇಪ್ಪತ್ತೆಂಟು ಇಂಚಿನ ಗಾಲಿಯ ಹಳೆಯ ಎತ್ತರದ್ದು. ತಂದ ಗಾಲಿಗಳು ಇಪ್ಪತ್ತಾರು ಇಂಚಿನವು, ಗೇರ್ ಸೈಕಲ್ಲಿನ ಅಗಲ ಟೈರಿನವು. ಮಗ ವಿರೇಶ ಹೊಟ್ಟೆ ಇಳಿಸಲೆಂದು ಆ ಗೇರ್ ಸೈಕಲ್ ತಂದು ಒಂದು ವಾರ ತುಳಿದಿದ್ದ. ಎಂಟನೆಯ ದಿನ ಟ್ರ್ಯಾಕ್ಟರನ್ನು ಹಿಮ್ಮುಖ ಬಿಡುವಾಗ ತಾನೇ ಅದರ ಮೇಲೆ ಹತ್ತಿಸಿ ಚೌಕಟ್ಟು ಮುರಿದಿದ್ದ; ಗಾಲಿ ಮಾತ್ರ ಉಳಿದಿದ್ದವು.

"ಗಾಲಿ ಚಲೋ ಅದಾವ. ಒಗೆಯೋದ್ಯಾಕ?" ಅಂದಿದ್ದ ಗಿಡ್ಡಪ್ಪ. "ನನಗ ಮೊಣಕಾಲು ಎತ್ತಾಕ ಆಗವಲ್ದು ಹಂಪ. ನಿಂತಾಗ ಕಾಲು ನೆಲಕ್ಕ ಹತ್ತಂಗಿಲ್ಲ. ಸಣ್ಣ ಗಾಲಿ ಹಾಕಿದ್ರ ಸೈಕಲ್ ತಗ್ಗತೈತಲ್ಲ?"

"ಕಾಕಾ, ಎತ್ತಿನ ಬಂಡಿಗೆ ಆಟೋದ ಗಾಲಿ ಹಾಕು ಅಂದಂಗಾತು."

"ನಿನ್ನ ಕೈಲಿ ಆಗಂಗಿಲ್ಲೇನು?"

ಆ ಮಾತು ಹಂಪಣ್ಣನಿಗೆ ನಾಟಿತು. ಮೂರು ದಿನ ಅದರ ಮೇಲೇ ಕೂತ. ಹಿಂದಿನ ಗಾಲಿಯ ನಡುಭಾಗ ಅಗಲವಾಗಿ ಕೂರುತ್ತಿರಲಿಲ್ಲ. ಚೌಕಟ್ಟನ್ನು ಮೊಣಕಾಲಿನಿಂದ ಒತ್ತಿ ಹಿಗ್ಗಿಸಿದ. ಬ್ರೇಕಿನ ರಬ್ಬರ್ ರಿಮ್ಮಿಗಿಂತ ಒಂದೂವರೆ ಇಂಚು ಮೇಲೆ ಉಳಿಯಿತು. ಕಬ್ಬಿಣದ ಪಟ್ಟಿ ಬೆಸೆದು ಅದನ್ನು ಇಳಿಸಿದ. ಗಾಲಿ ತಿರುಗಿಸಿ ಬ್ರೇಕ್ ಹಿಡಿದಾಗ ಟಕ್ಕನೆ ನಿಂತಿತು. ನೋಡಲು ಬಂದವರು ತಲೆದೂಗಿದರು. ಗಿಡ್ಡಪ್ಪ ಸೀಟಿನ ಮೇಲೆ ಕೂತು, ಎರಡೂ ಪಾದ ನೆಲಕ್ಕೆ ಊರಿ, ಅಲ್ಲೇ ಸುಮಾರು ಹೊತ್ತು ಕೂತಿದ್ದ.

"ಅರವತ್ತು ವರ್ಷದಾಗ ಇದs ಮೊದಲು ನೋಡು, ಸೈಕಲ್ ಮ್ಯಾಲ ಕುಂತು ನೆಲ ಮುಟ್ಟಿದ್ದು," ಅಂದ.

ಸೈಕಲ್ಲು ಒಂದಿಂಚು ತಗ್ಗಿತ್ತು. ಅದರ ಜೊತೆಗೆ ಪೆಡಲೂ ಒಂದಿಂಚು ನೆಲಕ್ಕೆ ಇಳಿದಿತ್ತು. ಅದನ್ನು ಯಾರೂ ಅಳೆಯಲಿಲ್ಲ.

*

ವಿರೇಶ ಹಿತ್ತಲಿನಿಂದ ಬಂದು ಹಂಪಣ್ಣನ ಪಕ್ಕ ನಿಂತ. ಕಣ್ಣು ಬಾತಿದ್ದವು.

"ಮೂರನೇ ದಿನ ಮುಗೀಲಿ. ಆಕಿನ್ನ ಮಸ್ಕಿಗೆ ಒಯ್ದು ಅವರ ಅಪ್ಪನ ಮನ್ಯಾಗ ಬಿಟ್ಟು ಬರ್ತೀನಿ."

"ಯಾಕ?"

"ಯಾಕಂದ್ರ? ಆಕಿ ಮುಖ ನೋಡಿದ್ರ ನನಗ ಅಪ್ಪ ಕಾಣ್ತಾನ. ಮುದುಕಮ್ಮತ್ತಿನೂ ಅದನ್ನs ಅಂದಾಳ. ಇನ್ನ ಕರಕೊಂಡು ಬರಾಂವಲ್ಲ."

ಟ್ಯೂಬಿಗೆ ತೇಪೆ ಹಚ್ಚುವುದು ತಡವಾಯಿತೆಂದರೆ ಎದುರಿಗಿದ್ದವನ ವಂಶ ಜಾಲಾಡುವ ಹಂಪಣ್ಣನಿಗೆ ಈಗ ಬಾಯಿ ತೆರೆಯಲಾಗಲಿಲ್ಲ. ಹೇಳಿದರೆ ವಿರೇಶ ಏನು ಮಾಡುತ್ತಾನೋ. ಪೊಲೀಸರ ತನಕ ಹೋಗುತ್ತದೋ. ಇನ್ನು ಮೇಲೆ ಯಾರು ಸೈಕಲ್ ತರುತ್ತಾರೆ. ಇದೆಲ್ಲ ತಲೆಗೆ ಬಂತು. ಹೇಳದಿದ್ದರೆ ಏನೂ ಆಗುವುದಿಲ್ಲ ಎಂಬುದೂ ಬಂತು. ಅದು ಬಂದಾಗ ಅವನಿಗೆ ತನ್ನ ಮೇಲೇ ಉಗುಳಬೇಕೆನಿಸಿತು.

*

ಕಳೆದ ಸೋಮವಾರ. ಅಂಗಡಿಯಲ್ಲಿ ಐದಾರು ಜನರಿದ್ದರು. ಟ್ಯೂಬಿನ ವಾಲ್ವು ಕೈಗೆ ಹತ್ತದೆ ಹಂಪಣ್ಣ ಬೆಳಗಿನಿಂದ ಉರಿಯುತ್ತಿದ್ದ. ಗಿಡ್ಡಪ್ಪ ಸೈಕಲ್ ಹಿಡಿದು ಬಂದ.

"ಹಂಪ, ತೂಬಿನ ತಿರುವಿನಾಗ ಎಡಗಡೆ ಪೈಡ್ಲು ನೆಲಕ್ಕ ಬಡಿತೈತೆಪಾ. ನಿನ್ನೆ ಎರಡು ಸರ್ತಿ ಜೋಲಿ ಹೋದೆ."

"ತಿರುವಿನಾಗ ಪೈಡ್ಲು ತುಳಿಬ್ಯಾಡ. ಮ್ಯಾಲ ಹಿಡಿ. ಅಷ್ಟೂ ತಿಳಿಯಂಗಿಲ್ಲೇನು?"

"ರೂಢಿ ನೋಡು, ಕಾಲು ತಾನs ತುಳಿತೈತಿ. ಒಂಚೂರು ನೋಡಪಾ..."

ಹಂಪಣ್ಣ ನಟ್ಟು ಬಿಚ್ಚುವ ಪಾನಾ ಎತ್ತಿ ತಗಡಿನ ಡಬ್ಬಿಗೆ ಎಸೆದ. "ತೂಬು ತಿರುವೋ ಮುದುಕ ನನಗ ಸೈಕಲ್ ಕಲಿಸಾಕ ಬಂದಾನ! ಮೂರು ದಿನ ಪುಗಸಟ್ಟೆ ದುಡಿದೀನಿ ನಿನಗ. ಹೊಡಿಯಾಕ ಬರದಿದ್ರ ನಡಕೊಂಡು ತಿರುಗು ಹೋಗು!"

ಕೂತವರು ನಕ್ಕರು. ಗಿಡ್ಡಪ್ಪನೂ ಅವರ ಜೊತೆ ನಕ್ಕ. ಕಾಲರ್ ಹಿಡಿದವರಿಗೆಲ್ಲ ನಕ್ಕ ಅದೇ ನಗು. ಸೈಕಲ್ ತಿರುಗಿಸಿಕೊಂಡು ಹೋದ.

ಹಂಪಣ್ಣನ ತಲೆಯ ಮೇಲೆ, ಗೋಡೆಯ ಮೊಳೆಗೆ, ಹೆಣ್ಣುಮಕ್ಕಳ ಸಣ್ಣ ಸೈಕಲ್ಲಿನ, ಪೆಡಲು ಕೂರಿಸುವ ಗಿಡ್ಡ ಕ್ರ್ಯಾಂಕ್ ಜೋಡಿ ನೇತಾಡುತ್ತಿತ್ತು. ಅದನ್ನು ಹಾಕಿದ್ದರೆ ಪೆಡಲು ನೆಲಕ್ಕೆ ಬಡಿಯುತ್ತಿರಲಿಲ್ಲ.

*

ಮಧ್ಯಾಹ್ನ ಹೆಣ ಎತ್ತಿದರು. ಮುಂದಿನ ಎಡಗಡೆಗೆ ಹಂಪಣ್ಣ ಹೆಗಲು ಕೊಟ್ಟಿದ್ದ. ಹಲಗೆ ಬಾರಿಸುವವರು ಮುಂದೆ, ಹೆಂಗಸರು ಹಿಂದೆ, ಎಲ್ಲರಿಗಿಂತ ಹಿಂದೆ ಜಯಶ್ರೀ ಒಬ್ಬಳೇ.

ಅರ್ಧ ದಾರಿಯಲ್ಲಿ ಹೆಣ ಇಳಿಸಿ ಹೆಗಲು ಬದಲಿಸುವುದು ರೂಢಿ. ರುದ್ರಭೂಮಿಗೆ ಹೋಗುವ ದಾರಿ ಕಾಲುವೆ ದಂಡೆಯ ಮೇಲೇ ಇತ್ತು. ಇಳಿಸುವ ಜಾಗ ತೂಬಿನ ತಿರುವು. ಗಿಡ್ಡಪ್ಪನನ್ನು ಅವನು ಬಿದ್ದಲ್ಲಿಗೇ ತಂದು ಇಳಿಸಿದರು.

ಜೋಳ ಇನ್ನೂ ಚೆಲ್ಲಿ ಬಿದ್ದಿತ್ತು. ಅದನ್ನು ಕಂಡು ಮುದುಕಮ್ಮ ತಿರುಗಿ ನಿಂತಳು.

"ನೋಡು ಬಾ ಇಲ್ಲಿ! ನಿನ್ನ ಜ್ವಾಳ ನೋಡು. ಹೊಟ್ಟಿ ತುಂಬಿದ್ರ ನನ್ನ ತಮ್ಮ ಬೀಳ್ತಿದ್ನೇನು?"

"ಮಾವನೇ ಬಂದು ತಿಂತೀನಿ ಅಂದ್ರು ಅತ್ತಿ..."

"ಬಾಯಿ ಮುಚ್ಚಲೇ!" ವಿರೇಶ ಕೈ ಎತ್ತಿ ಹೆಂಡತಿಯ ಕಡೆ ನುಗ್ಗಿದ.

"ಏ ವಿರೇಶ! ಕೈ ಇಳಿಸು!"

ಹಂಪಣ್ಣ ಕೂಗಿದ್ದು ಹಲಗೆಗಿಂತ ಜೋರಾಗಿತ್ತು. ಹಲಗೆ ನಿಂತಿತು.

"ನಿಮ್ಮಪ್ಪ ತಲಿ ತಿರುಗಿ ಬಿದ್ದಿಲ್ಲ. ಇಲ್ಲಿ ಬಂದು ನೋಡು." ಅವನು ಮಂಡಿಯೂರಿ ನೆಲ ತೋರಿಸಿದ. ಗಟ್ಟಿ ಗರಸಿನಲ್ಲಿ ಮೊಳದುದ್ದ ಗೀರು ಇತ್ತು. ದಂಡೆಯ ಅಂಚಿಗೆ ಹೋಗಿ ಮುಗಿದಿತ್ತು. ಅದರ ಕೆಳಗೇ ತೂಬಿನ ಕಲ್ಲು. "ಇದು ಪೈಡ್ಲು ಕೆರೆದ ಗೀರು. ಗಾಲಿ ಸಣ್ಣದು ಹಾಕಿದ್ರ ಪೈಡ್ಲೂ ತಗ್ಗತೈತಿ. ತಿರುವಿನಾಗ ನೆಲಕ್ಕ ಬಡಿದು ಎತ್ತಿ ಒಗದೈತಿ. ಹಾಕಿದಾಂವ ನಾನು. ಕಾಕಾ ಬಂದು ಹೇಳಿದ್ದ, ಬಡಿತೈತಿ ಅಂತ. ಬೈದು ಕಳಿಸಿದೆ. ಆಕಿದೇನೂ ಇಲ್ಲ ಇದ್ರಾಗ!"

ಜಗಳಕ್ಕೆ ನಿಂತವನ ಹಾಗೆ ಹೇಳಿದ. ಬೇರೆ ದನಿಯಲ್ಲಿ ಹೇಳಲು ಅವನಿಗೆ ಬರುತ್ತಿರಲಿಲ್ಲ.

ವಿರೇಶ ಗೀರನ್ನೇ ನೋಡುತ್ತಾ ನಿಂತ. "ಯಾವಾಗ ಬಂದಿದ್ದ?"

"ಸೋಮವಾರ."

"ಅದನ್ನ ಸರಿ ಮಾಡಾಕ ಎಷ್ಟೊತ್ತು ಹಿಡೀತಿತ್ತು?"

ಹಂಪಣ್ಣನ ದನಿ ಮೊದಲ ಸಲ ಇಳಿಯಿತು. "ಹತ್ತು ನಿಮಿಷ."

ಕಾಲುವೆಯ ನೀರು ತೂಬಿನಲ್ಲಿ ಸಪ್ಪಳ ಮಾಡುತ್ತಾ ನುಗ್ಗುತ್ತಿತ್ತು.

"ಆದ್ರೂ ಈಕಿ ಕಳಿಸದಿದ್ರ..." ಅಂದಳು ಮುದುಕಮ್ಮ.

ಜಯಶ್ರೀ ಹಂಪಣ್ಣನ ಎದುರಿಗೆ ಬಂದು ನಿಂತಳು. "ನಿನ್ನೆ ಆಸ್ಪತ್ರಿ ಹೊರಗ ನನ್ನ ಎದುರಿಗೇ ಕುಂತಿದ್ದಿ ಅಣ್ಣ. ಎಲ್ಲಾರೂ ನನಗ ಅನ್ನಾಕತ್ತಿದ್ರು. ನಿನಗ ಗೊತ್ತಿತ್ತೇನು?"

ಪೆಡಲಿನ ಗುರುತು ಕಂಡಿದ್ದು ಇವತ್ತು ಎಂದು ಹೇಳಬಹುದಿತ್ತು. ಆದರೆ ತೂಬಿನ ತಿರುವಿನಲ್ಲಿ ಬಿದ್ದ ಎಂದು ಕೇಳಿದ ಗಳಿಗೆಯಲ್ಲೇ ಅವನಿಗೆ ಗೊತ್ತಾಗಿತ್ತು.

"ಗೊತ್ತಿತ್ತವಾ."

"ಚಹಾ ಕುಡಿದಿ ನೀನು," ಅಂದಳು ಜಯಶ್ರೀ. "ಎರಡು ಸರ್ತಿ."

"ಹೆಣ ನೆಲದ ಮ್ಯಾಲೈತಿ, ನಡೀರಪಾ," ಅಂದ ಬಸವಲಿಂಗ ಮೆಲ್ಲಗೆ. ಹಂಪಣ್ಣ ಸಿದಿಗೆಯ ಕಡೆ ಬಗ್ಗಿದ. ವಿರೇಶ ಅವನ ಕೈಯನ್ನು ಬೊಂಬಿನಿಂದ ಬಿಡಿಸಿದ. ಹೊಡೆಯಲಿಲ್ಲ, ಬೈಯಲಿಲ್ಲ. ಬಿಡಿಸಿ, ಅಲ್ಲಿ ತಾನು ಹೆಗಲು ಕೊಟ್ಟ.

ಹಂಪಣ್ಣ ಎಲ್ಲರಿಗಿಂತ ಹಿಂದೆ ನಡೆದ. ಹೂಳಲು ತೋಡಿದ ಕುಣಿಯ ಹತ್ತಿರ ಹೋಗಲಿಲ್ಲ. ಒಬ್ಬೊಬ್ಬರೇ ಬಗ್ಗಿ ಮಣ್ಣು ಕೊಡುವುದನ್ನು ದೂರದ ಜಾಲಿಗಿಡದ ಬಳಿ ನಿಂತು ನೋಡಿದ. ಯಾರೂ ಕರೆಯಲಿಲ್ಲ.

ಮಣ್ಣಿಗೆ ಹೋದವನು ನೇರ ತನ್ನ ಮನೆಗೆ ಹೋಗಬಾರದು. ಸತ್ತವರ ಮನೆಯಲ್ಲಿ ಹಚ್ಚಿದ ದೀಪ ನೋಡಿಯೇ ಹೋಗಬೇಕು. ಎಲ್ಲರ ಕೊನೆಗೆ ಹಂಪಣ್ಣನೂ ಬಂದ. ಬಾಗಿಲ ಬಳಿ ಜಯಶ್ರೀ ಕೊಡ ಹಿಡಿದು ಬಂದವರ ಕಾಲಿಗೆ ನೀರು ಹಾಕುತ್ತಿದ್ದಳು. ಕಟ್ಟೆಯ ಮೇಲೆ ಕೂತಿದ್ದ ಮುದುಕಮ್ಮ ಅವಳನ್ನು ಕಂಡು ಸ್ವಲ್ಪ ಸರಿದು ಜಾಗ ಮಾಡಿದಳು. ಜಯಶ್ರೀ ಅತ್ತ ನೋಡಲಿಲ್ಲ.

ಹಂಪಣ್ಣನ ಸರದಿ ಬಂತು. ಅವನು ಚಪ್ಪಲಿ ಬಿಟ್ಟು ಕಲ್ಲಿನ ಮೇಲೆ ನಿಂತ. ಜಯಶ್ರೀ ಕೊಡ ಬಗ್ಗಿಸಿದಳು. ದಂಡೆಯ ಕೆಂಪು ಮಣ್ಣು ಅವನ ಪಾದದಿಂದ ಹರಿದು ಹೋಯಿತು. ಪಾದ ಶುದ್ಧವಾಯಿತು. ಅವನು ಒಳಗೆ ಕಾಲಿಡಲಿಲ್ಲ, ಹಿಂದೆ ಸರಿಯಲೂ ಇಲ್ಲ. ಅವಳು ಹಾಕುತ್ತಲೇ ಇದ್ದಳು. ಕೊಡ ಬರಿದಾಗಿ ಕೊನೆಯ ಹನಿ ಬಿದ್ದ ಮೇಲೂ, ಅವನ ಪಾದಗಳನ್ನೇ ನೋಡುತ್ತಾ, ಖಾಲಿ ಕೊಡವನ್ನು ಹಾಗೇ ಬಗ್ಗಿಸಿ ಹಿಡಿದಿದ್ದಳು.