ಗೇಜು ಪುಸ್ತಕದ ಖಾಲಿ ಹಾಳೆಗಳು

ಗಂಗಾವತಿಯ ಬಸ್ ನಿಲ್ದಾಣದ ಹತ್ತಿರದ ಟೈಪಿಂಗ್ ಅಂಗಡಿ ತಿಂಗಳ ಕೊನೆಗೆ ಮುಚ್ಚುತ್ತದೆ ಎಂದು ಮಾಲೀಕರು ಹೇಳಿದಾಗ ಪಂಪಾವತಿಗೆ ಮೊದಲು ನೆನಪಾದದ್ದು ಮನೆಯ ಸುಟ್ಟ ಕುಕ್ಕರು.

ಹದಿನೇಳು ವರ್ಷ ಒಂದೇ ಕುರ್ಚಿಯಲ್ಲಿ ಕೂತು ಅರ್ಜಿ, ಕರಾರುಪತ್ರ, ಲಗ್ನಪತ್ರಿಕೆ ಟೈಪು ಮಾಡಿದವಳು ಅವಳು. ಎದುರಿಗೆ ನಿಂತವರು ಹೇಳುತ್ತ ಹೋದ ಹಾಗೆ ಬೆರಳುಗಳು ಹಿಂದೆಯೇ ಓಡುತ್ತಿದ್ದವು. ಮಾತಾಡುತ್ತಿರುವವರು ಯಲಬುರ್ಗಿ ಕಡೆಯವರೋ ಕುಷ್ಟಗಿ ಕಡೆಯವರೋ ಎಂದು ತಲೆ ಎತ್ತದೆ ಹೇಳಬಲ್ಲವಳು. ಕೆಲಸ ಹೋಗುವ ಚಿಂತೆ ಇದ್ದೇ ಇತ್ತು. ಆದರೆ ಕುಕ್ಕರಿನ ಚಿಂತೆ ಅದಕ್ಕಿಂತ ದೊಡ್ಡದು.

ಅಪ್ಪ ದೊಡ್ಡಬಸಪ್ಪ ಅವಳ ಮನೆಗೆ ಬಂದು ಎರಡು ವರ್ಷ. ಈ ಮಳೆಗಾಲದಲ್ಲಿ ಅವರ ಕಿವಿ ಪೂರಾ ಹೋದಂತಾಗಿತ್ತು. ಒಂದು ಮಧ್ಯಾಹ್ನ ಅನ್ನಕ್ಕಿಟ್ಟು ಕಿಟಕಿಯ ಹತ್ತಿರ ಕೂತರು. ಸೀಟಿ ಕೇಳಲಿಲ್ಲ. ನೀರು ಬತ್ತಿ, ಅಕ್ಕಿ ಕರಕಾಗಿ, ಹೊಗೆ ಓಣಿಗೆ ಬಂದಾಗ ಪಕ್ಕದ ಮನೆಯ ಉಡಚಮ್ಮ ಹಿತ್ತಲ ಬಾಗಿಲಿನಿಂದ ಓಡಿಬಂದು ಗ್ಯಾಸು ಆರಿಸಿದಳು. ಅಪ್ಪ ಆಗಲೂ ಕಿಟಕಿಯ ಕಡೆಗೇ ನೋಡುತ್ತಿದ್ದರಂತೆ.

ದವಸದ ಮಾರುಕಟ್ಟೆಯಾದ ಗಂಜಿನಲ್ಲಿ ಗುಮಾಸ್ತನಾಗಿದ್ದ ಗಂಡ ಸಿದ್ದಲಿಂಗೇಶ ಅವಳಿಗೆ ಒಂದು ಅಕ್ಕಿ ಗಿರಣಿಯ ಗೇಟಿನಲ್ಲಿ ಪಾಸು ಬರೆಯುವ ಕೆಲಸ ಮಾತಾಡಿ ಬಂದಿದ್ದ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರು. ಮುಂದಿನ ತಿಂಗಳ ಮೊದಲ ಸೋಮವಾರದೊಳಗೆ ಹೂಂ ಅನ್ನಬೇಕು. ಅಂದರೆ ಅಪ್ಪ ಮತ್ತೆ ಹಗಲೆಲ್ಲ ಒಬ್ಬರೇ.

ಇನ್ನೊಂದು ದಾರಿ ಕೊಪ್ಪಳದಿಂದ ಬಂತು. ಭವಾನಿ ಎಂಬ ಉಪನ್ಯಾಸಕಿ ಕಿವಿ ಕೇಳದ ವಿದ್ಯಾರ್ಥಿಗಳಿಗಾಗಿ ಒಂದು ಏರ್ಪಾಡು ಮಾಡಿದ್ದಳು. ಮೇಷ್ಟ್ರು ತರಗತಿಯಲ್ಲಿ ಪಾಠ ಹೇಳುವಾಗ ಎಲ್ಲೋ ಮನೆಯಲ್ಲಿ ಕೂತವರು ಅದನ್ನು ಕೇಳಿ ಆಗಿಂದಾಗಲೇ ಟೈಪು ಮಾಡಬೇಕು. ಅಕ್ಷರಗಳು ಆ ಮಕ್ಕಳ ಮುಂದಿನ ಪರದೆಯ ಮೇಲೆ ಮೂಡುತ್ತವೆ. ಪಂಪಾವತಿಯ ಬೆರಳಿನ ವೇಗದ ಸುದ್ದಿ ಯಾರಿಂದಲೋ ತಿಳಿದು ಫೋನು ಮಾಡಿದ್ದಳು. ತಿಂಗಳ ಕೊನೆಯ ಶನಿವಾರ ಒಂದು ತಾಸು ಪರೀಕ್ಷೆ. ಶರತ್ತು ಒಂದೇ.

"ನಡುವ ಲೈನ್ ತುಂಡಾಗಬಾರದ್ರಿ," ಎಂದಳು ಭವಾನಿ. "ತುಂಡಾತು ಅಂದ್ರ ಆ ಹುಡುಗರಿಗೆ ಪಾಠನ ತುಂಡಾತು. ಯಾವ ತಾಸು ನಿಮಗ ಛಲೋ, ನೀವ ಹೇಳ್ರಿ."

ಯಾವ ತಾಸು ಎಂದು ಪಂಪಾವತಿಗೆ ಗೊತ್ತಿರಲಿಲ್ಲ. ಹದಿನೇಳು ವರ್ಷ ಬೆಳಿಗ್ಗೆ ಹೋಗಿ ಸಂಜೆ ಬಂದವಳಿಗೆ ಹಗಲಿನ ತನ್ನ ಮನೆಯೇ ಗೊತ್ತಿರಲಿಲ್ಲ.

ಮೊದಲು ಗಂಡನ ಜೊತೆ ದೊಡ್ಡ ಶೋರೂಮಿಗೆ ಹೋದಳು. ಅಲ್ಲಿಯ ತಂಪಿನಲ್ಲಿ ಹಪ್ಪಳದಷ್ಟು ತೆಳ್ಳಗಿನ ಲ್ಯಾಪ್‌ಟಾಪುಗಳು ತೆರೆದುಕೊಂಡು ಕೂತಿದ್ದವು. ಸಿದ್ದಲಿಂಗೇಶನಿಗೆ ಒಂದು ಮನಸ್ಸಿಗೆ ಬಂದುಬಿಟ್ಟಿತು. ಕಂತಿನಲ್ಲಿ ಕೊಡುತ್ತಾರೆ, ಹೊಸದು ಹೊಸದೇ ಎಂದು ಅವನ ವಾದ. ಪಂಪಾವತಿ ಕೀಲಿಗಳ ಮೇಲೆ ಬೆರಳಾಡಿಸಿ ನೋಡಿದಳು. ಕಲ್ಲಿನ ಮೇಲೆ ಬಡಿದ ಹಾಗಿತ್ತು. ಹೊರಗೆ ಬಂದಳು.

ಮಾರನೆಯ ದಿನ ಒಬ್ಬಳೇ ರಸೂಲಸಾಬನ ದುಕಾನಿಗೆ ಹೋದಳು. ಒಂದು ಕಾಲಕ್ಕೆ ರೇಡಿಯೊ ರಿಪೇರಿ ಮಾಡುತ್ತಿದ್ದವನು. ಈಗ ಕಂಪನಿಗಳು ಬಳಸಿ ಬಿಟ್ಟ ಕಂಪ್ಯೂಟರುಗಳನ್ನು ತಂದು ಸರಿಮಾಡಿ ಮಾರುತ್ತಿದ್ದ. ಟೈಪಿಂಗ್ ಅಂಗಡಿಯ ಯಂತ್ರಗಳ ಜ್ವರ, ನೆಗಡಿ ಎಲ್ಲ ನೋಡಿಕೊಂಡವನೂ ಅವನೇ. ಶೋರೂಮಿನ ವಿಷಯ ಕೇಳಿ ಕನ್ನಡಕ ಹಣೆಗೇರಿಸಿದ.

"ಹೊಳಪು ನೋಡಿ ತಗೊಂಡ್ರ ಅದನ್ನ ಬೀಗರಿಗೆ ತೋರಿಸಬೌದವ್ವ, ದುಡಿಸಾಕ ಬರಂಗಿಲ್ಲ," ಎಂದ. "ಯಂತ್ರದ ಮಾತು ಆಮ್ಯಾಲ. ನಿಮ್ಮನ್ಯಾಗ ಕರೆಂಟ್ ಯಾವಾಗ ಹೋಕ್ಕೈತಿ? ನೆಟ್ ಯಾವಾಗ ಸಾಯ್ತೈತಿ? ನಿಮ್ಮ ಹಿಂದಿನ ಓಣಿ ಹಿಟ್ಟಿನ ಗಿರಣಿ ಗದ್ದಲ ಯಾವಾಗ ನಿಂದರತೈತಿ? ಅದನ್ನ ಬರಕೊಂಡು ಬಾ. ಅದಕ್ಕ ತಕ್ಕಂಗ ಕೊಡ್ತೀನಿ."

ಬರೆದುಕೊಂಡು ಬಾ ಎಂದದ್ದೇ ಅವಳಿಗೆ ತಾನು ಬೆಳೆದ ಮುನಿರಾಬಾದು ನೆನಪಾಯಿತು.

ಡ್ಯಾಮಿನ ಕಾಲೊನಿಯ ಆ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಮುಂದಿನ ಕೋಣೆ ಮನೆಯೂ ಹೌದು, ಕಚೇರಿಯೂ ಹೌದು. ಅಪ್ಪ ಗೇಜು ಓದುವವರು. ತಾಸಿಗೊಮ್ಮೆ ಕಾಲುವೆಯ ಮಾಪನಪಟ್ಟಿಯ ಹತ್ತಿರ ಹೋಗಿ ನೀರಿನ ಮಟ್ಟ ನೋಡಿ ಬಂದು ಪುಸ್ತಕದಲ್ಲಿ ಬರೆಯುವರು, ಇಲಾಖೆಯ ಕಪ್ಪು ಫೋನೆತ್ತಿ ಕೆಳಗಿನ ವಿಭಾಗದವರಿಗೆ ಅಂಕಿ ಹೇಳುವರು. ಆ ಫೋನು ನೀರಿನ ಮಾತಿಗೆ ಮಾತ್ರ. ಮದುವೆಯಿರಲಿ, ಸಾವಿರಲಿ, ಮನೆಯವರು ಮುಟ್ಟುವ ಹಾಗಿರಲಿಲ್ಲ. ಲೈನಿನಲ್ಲಿ ಗಾಳಿ ಬೀಸಿದಂಥ ಸದ್ದು ಇರುತ್ತಿದ್ದುದರಿಂದ ಅಪ್ಪ ಫೋನೆತ್ತಿದರೆ ಇಡೀ ಮನೆ ಉಸಿರು ಹಿಡಿಯುತ್ತಿತ್ತು. ಅವ್ವ ಒರಳಿನಲ್ಲಿ ಎತ್ತಿದ ಕಲ್ಲನ್ನು ಹಾಗೆಯೇ ಹಿಡಿದು ನಿಲ್ಲುವಳು. ಪಂಪಾವತಿ ಮಗ್ಗಿ ಹೇಳುತ್ತಿದ್ದರೆ ಏಳೆಂಟಲ ಎಂಬಲ್ಲಿಗೆ ನಿಲ್ಲುವಳು. ಅಪ್ಪ ಅಂಕಿಯನ್ನು ಎರಡು ಸಲ ಹೇಳಿ ಫೋನಿಟ್ಟ ಮೇಲೆ ಕಲ್ಲು ಇಳಿಯುವುದು, ಮಗ್ಗಿ ಮುಂದುವರಿಯುವುದು. ಹಗಲಿಗೆ ಹನ್ನೆರಡು ಸಲ ಬರುತ್ತಿದ್ದ ಆ ಎರಡು ನಿಮಿಷದ ಮೌನವನ್ನು ಅವಳು ಆಮೇಲೆ ಯಾವ ಮನೆಯಲ್ಲೂ ಕಂಡಿರಲಿಲ್ಲ.

ಮೇಜಿನ ಮೇಲೆ ಎಲ್ಲವೂ ಎರಡೆರಡು ಇರುತ್ತಿದ್ದವು. ಎರಡು ಟಾರ್ಚು, ಎರಡು ಪೆನ್ನು, ಎರಡು ಕಂದೀಲು. ಕಾಲೊನಿಯ ಹೆಂಗಸರು ಇದಕ್ಕೆ ನಗುತ್ತಿದ್ದರು. ದೊಡ್ಡಬಸಪ್ಪ ಹೆಂಡತಿಯನ್ನು ಮಾತ್ರ ಒಂದೇ ಇಟ್ಟುಕೊಂಡಿದ್ದಾನಲ್ಲ ಎಂದು ಅವ್ವನನ್ನು ಕಾಡುತ್ತಿದ್ದರು. ಗೇಜು ಪುಸ್ತಕದಲ್ಲಿ ಸಮಯ, ಮಟ್ಟ, ಸಹಿ ಆದ ಮೇಲೆ ಕೊನೆಗೆ 'ಷರಾ' ಎಂಬ ಒಂದು ಅಂಕಣ ಇತ್ತು. ವಿಶೇಷವೇನಾದರೂ ಇದ್ದರೆ ಬರೆಯಲು. ಮೂವತ್ತು ವರ್ಷದಲ್ಲಿ ಅಪ್ಪ ಅಲ್ಲಿ ಏನನ್ನೂ ಬರೆದದ್ದನ್ನು ಅವಳು ನೋಡಿರಲಿಲ್ಲ.

ನಿವೃತ್ತಿಯಾದಾಗ ಅಪ್ಪ ತಂದುಕೊಂಡದ್ದು ಎರಡು ವಸ್ತು. ಮುಂದಿನ ಕೋಣೆಯ ಕೀಲಿ ಕೊಡುವ ಗಡಿಯಾರ, ಬಳಸದೆ ಉಳಿದಿದ್ದ ಒಂದು ಗೇಜು ಪುಸ್ತಕ. ಈಗ ಅವೆರಡೂ ಗಂಗಾವತಿಯ ಮನೆಯಲ್ಲಿ ಅವರ ಕೋಣೆಯಲ್ಲಿದ್ದವು.

ಆ ಸಂಜೆ ಪಂಪಾವತಿ ಒಂದು ಚೀಟಿಯಲ್ಲಿ ರಸೂಲಸಾಬನ ಮೂರು ಪ್ರಶ್ನೆಗಳನ್ನು ಬರೆದು ಅಪ್ಪನ ಮುಂದಿಟ್ಟಳು. ಅಪ್ಪ ಓದಿದರು. ಎದ್ದು ಟ್ರಂಕು ತೆರೆದು ಪುಸ್ತಕ ತೆಗೆದರು.

ಎಂಟು ದಿನ ಅಂಗಡಿಯ ಕೊನೆಯ ಸಾಮಾನು ಕಟ್ಟಿಸಲು ಅವಳು ಹೋಗುತ್ತಿದ್ದಳು, ಅಪ್ಪ ಮನೆಯಲ್ಲಿ ಕೂತು ಬರೆಯುತ್ತಿದ್ದರು. ಟೀವಿಗಾಗಿ ಹಾಕಿಸಿದ್ದ ಇಂಟರ್‌ನೆಟ್ಟಿನ ಡಬ್ಬಿಯ ದೀಪ ಹಸಿರೋ ಕೆಂಪೋ ಎಂದು ಕಣ್ಣಿಗೆ ಕಾಣುತ್ತಿತ್ತು. ಕರೆಂಟು ಹೋದದ್ದು ಫ್ಯಾನು ನಿಂತರೆ ಗೊತ್ತಾಗುತ್ತಿತ್ತು. ಆದರೆ ಕಿವಿ ಕೇಳದವರು ಹಿಂದಿನ ಓಣಿಯ ಗಿರಣಿಯ ಗದ್ದಲವನ್ನು ಹೇಗೆ ಬರೆದಾರು ಎಂದು ಅವಳಿಗೆ ಅನುಮಾನ. ಮೂರನೆಯ ದಿನ ಪುಸ್ತಕ ನೋಡಿದಾಗ ತಿಳಿಯಿತು. ಮೇಜಿನ ಮೇಲೆ ಹಿತ್ತಾಳೆ ಲೋಟದ ತುಂಬ ನೀರಿಟ್ಟಿದ್ದರು. ಗಿರಣಿ ನಡೆಯುವಾಗ ನೀರಿನ ಮೇಲೆ ಸಣ್ಣ ಉಂಗುರಗಳು ಏಳುತ್ತವೆ. ನಿಂತರೆ ನೀರೂ ನಿಲ್ಲುತ್ತದೆ.

'1-10 ನೀರು ನಿಂತಿತು. 2-15 ಕರೆಂಟು ಹೋಯಿತು. 2-18 ಬಂತು. 2-30 ನೀರು ಅಲುಗಿತು.'

ಎಂಟೂ ದಿನ ಹೆಚ್ಚುಕಡಿಮೆ ಇದೇ. ಬೆಳಿಗ್ಗೆ, ಸಂಜೆ ಕರೆಂಟಿನ ಆಟ ಬೇರೆ ಬೇರೆ; ಮಧ್ಯಾಹ್ನದ ಈ ಒಂದು ತಾಸು ಮಾತ್ರ ತಿಳಿಯಾಗಿತ್ತು. ಪಂಪಾವತಿ ಭವಾನಿಗೆ ಒಂದು ಹತ್ತರಿಂದ ಎರಡು ಹತ್ತು ಎಂದು ತಿಳಿಸಿದಳು.

ರಸೂಲಸಾಬ ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ತಿರುವಿ ನೋಡಿದ. ಆಮೇಲೆ ಒಳಗಿನಿಂದ ಕಪ್ಪು ಬಣ್ಣದ ಒಂದು ದಪ್ಪ ಲ್ಯಾಪ್‌ಟಾಪು ತಂದ. ಆರು ವರ್ಷದ ಹಳೆಯದು. ಮೂಲೆಯಲ್ಲಿ ಯಾವುದೋ ಕಚೇರಿಯ ಚೀಟಿ ಕಿತ್ತ ಗುರುತಿತ್ತು. ಕೀಲಿಗಳು ಆಳವಾಗಿ ಇಳಿದು ಮೆಲ್ಲಗೆ ಏಳುತ್ತಿದ್ದವು. ಬ್ಯಾಟರಿ ಹೊಸದು ಹಾಕುತ್ತೇನೆ, ಕೆಟ್ಟರೆ ಇದರ ಪ್ರತಿಯೊಂದು ಸ್ಕ್ರೂ ತನ್ನ ಹತ್ತಿರ ಇದೆ ಎಂದ. ಶೋರೂಮಿನ ಬೆಲೆಯ ಮೂರರಲ್ಲಿ ಒಂದು ಪಾಲು. ಉಳಿದ ದುಡ್ಡಿನಲ್ಲಿ ಕಿವಿ ಪೂರ್ತಿ ಮುಚ್ಚುವ, ತಂತಿಯಿದ್ದ ಒಂದು ಹೆಡ್‌ಫೋನು ತೆಗೆದುಕೊಳ್ಳಲು ಹೇಳಿದ. ಕೊನೆಗೆ ಸಾಬೂನಿನ ಪೆಟ್ಟಿಗೆಯಷ್ಟು ಚಿಕ್ಕ ಬ್ಯಾಟರಿ ಒಂದನ್ನು ಎದುರಿಗಿಟ್ಟ. ಕರೆಂಟು ಹೋದರೆ ಲ್ಯಾಪ್‌ಟಾಪು ಬದುಕುತ್ತದೆ, ಇಂಟರ್‌ನೆಟ್ಟಿನ ಡಬ್ಬಿ ಸಾಯುತ್ತದೆ. ಮತ್ತೆ ಎದ್ದು ಹಸಿರಾಗಲು ಐದಾರು ನಿಮಿಷ ಬೇಕು. ಇದು ಆ ಡಬ್ಬಿಯ ಜೀವ ಹಿಡಿದಿಡುತ್ತದೆ ಎಂದ.

ಜೊತೆಗೆ ಬಂದಿದ್ದ ಸಿದ್ದಲಿಂಗೇಶ ಇಷ್ಟಕ್ಕೇ ಕಾದಿದ್ದ. "ಆ ತಾಸಿನ್ಯಾಗ ಕರೆಂಟ್ ಹೋಗೂದ ಇಲ್ಲಂತ ಮಾವ ಬರದಾರ. ಮತ್ಯಾಕ ಇದು? ಮಳಿಗಾಲ ಮುಗದ ಮ್ಯಾಲ ಛತ್ರಿ ಕೊಟ್ಟಂಗ ಆತು, ಸಾಬ್ರ."

ಅವನ ಮಾತು ಸರಿ ಅನಿಸಿತು. ಕೆಲಸವೇ ಸಿಗದಿದ್ದರೆ ಇಷ್ಟು ಖರ್ಚೂ ಹೆಚ್ಚು. ಪಂಪಾವತಿ ಬ್ಯಾಟರಿಯನ್ನು ಮೆಲ್ಲಗೆ ರಸೂಲಸಾಬನ ಕಡೆ ಸರಿಸಿದಳು. ಮನೆಗೆ ಬಂದು ಅಪ್ಪನಿಗೆ ಎಲ್ಲವನ್ನೂ ಚೀಟಿಯಲ್ಲಿ ಬರೆದು ತೋರಿಸಿದಳು, ಏನು ಕೊಂಡೆ, ಏನು ಬಿಟ್ಟೆ ಎಂದು. ಅಪ್ಪ ಚೀಟಿಯನ್ನು ಮಡಿಸಿ ಅಂಗಿಯ ಕಿಸೆಗೆ ಹಾಕಿಕೊಂಡರು.

ಶನಿವಾರ ಅಪ್ಪನ ಕೋಣೆಯಲ್ಲೇ ಮೇಜು ಹಾಕಿದರು. ಗೋಡೆ ದಪ್ಪ, ಇಂಟರ್‌ನೆಟ್ಟಿನ ಡಬ್ಬಿಯೂ ಅಲ್ಲೇ. ಉಡಚಮ್ಮನಿಗೆ ಖಾರ ಕುಟ್ಟುವುದನ್ನು ಮೂರರ ಮೇಲೆ ಇಟ್ಟುಕೋ ಎಂದು ಮೊದಲೇ ಹೇಳಿಯಾಗಿತ್ತು. ಅಪ್ಪ ತಮ್ಮ ಕುರ್ಚಿಯಲ್ಲಿ ಕೂತರು, ಪುಸ್ತಕ ತೊಡೆಯ ಮೇಲೆ, ಲೋಟ ಕಿಟಕಿಯಲ್ಲಿ.

ಫೋನಿನಲ್ಲಿ ಒಂದು ಹತ್ತಾಯಿತು. ಮೇಷ್ಟ್ರ ದನಿ ಬಂತು. ಮಣ್ಣಿನ ಬಗೆಗಿನ ಪಾಠ. ಪಂಪಾವತಿಯ ಬೆರಳುಗಳು ಮೊದಲ ಐದು ನಿಮಿಷ ಅಳುಕಿ, ಆಮೇಲೆ ತಮ್ಮ ದಾರಿ ಹಿಡಿದವು. ಎರೆಮಣ್ಣು, ಮಸಾರಿ, ಸವಳು. ಅರ್ಜಿ ಬರೆಸುವವರಂತೆ ಮೇಷ್ಟ್ರೂ ನಡುನಡುವೆ ಮಾತು ನುಂಗುತ್ತಿದ್ದರು. ನುಂಗಿದ್ದನ್ನು ಅವಳು ಬಿಡದೆ ಹೆಕ್ಕಿದಳು. ಮುಕ್ಕಾಲು ತಾಸು ಕಳೆಯಿತು.

ಒಮ್ಮೆ ಕಣ್ಣು ತಾನಾಗಿ ಗೋಡೆಯ ಗಡಿಯಾರದ ಮೇಲೆ ಹೋಯಿತು. ಎರಡು ಹತ್ತು. ಮುಗಿಯಿತೇ ಎಂದುಕೊಂಡಳು. ಮೇಷ್ಟ್ರು ಇನ್ನೂ ಹೇಳುತ್ತಲೇ ಇದ್ದರು. ಪರದೆಯ ಮೂಲೆ ನೋಡಿದಳು. ಎರಡು ಗಂಟೆ.

ಬೆರಳು ನಿಲ್ಲಲಿಲ್ಲ. ಡ್ಯಾಮಿನ ಕಾಲೊನಿಯಲ್ಲಿ ಗೇಜು ಓದುವವರ ಮನೆಯ ಗಡಿಯಾರಗಳೆಲ್ಲ ಹತ್ತು ನಿಮಿಷ ಮುಂದೆ ಇರುತ್ತಿದ್ದವು. ತಾಸು ತಪ್ಪುವ ಮೊದಲೇ ನೀರಿನ ಹತ್ತಿರ ನಿಂತಿರಬೇಕೆಂದು. ಅದನ್ನು ಯಾರೂ ಯಾರಿಗೂ ಹೇಳುತ್ತಿರಲಿಲ್ಲ. ಅವಳು ಆ ಗಡಿಯಾರದ ಕೆಳಗೇ ಬೆಳೆದವಳು. ಅಪ್ಪ ಬರೆದ ಎರಡು ಹದಿನೈದು ಅಂದರೆ ಊರಿನ ಎರಡು ಐದು. ಇನ್ನು ಐದು ನಿಮಿಷ. ಪಾಠ ಮುಗಿಯಲು ಹತ್ತು.

ನಿಲ್ಲಿಸಿ ಹೇಳುವ ಹಾಗಿರಲಿಲ್ಲ. ಟೈಪು ಮಾಡುತ್ತಲೇ ಇದ್ದಳು. ಅಕ್ಕಿ ಗಿರಣಿಯ ಗೇಟು ಕಣ್ಣ ಮುಂದೆ ಬಂತು. ಅದರ ಹಿಂದೆ ಕಿಟಕಿಯ ಹತ್ತಿರ ಒಬ್ಬರೇ ಕೂತ ಅಪ್ಪ.

ಎರಡು ಐದಕ್ಕೆ ತಲೆಯ ಮೇಲಿನ ಫ್ಯಾನು ನಿಧಾನವಾಗಿ ನಿಂತಿತು.

ಮೇಷ್ಟ್ರ ದನಿ ನಿಲ್ಲಲಿಲ್ಲ. ಫ್ಯಾನಿನ ಗುಂಯ್ಗುಡುವಿಕೆ ಹೋದ ಮೇಲೆ ಆ ದನಿ ಇನ್ನಷ್ಟು ಹತ್ತಿರ ಬಂತು. ಒಂದು ವಾಕ್ಯ ಮುಗಿಸಿ ಇನ್ನೊಂದಕ್ಕೆ ಹೋಗುವ ನಡುವೆ ಅವರು ಉಸಿರೆಳೆದುಕೊಳ್ಳುವುದೂ ಕೇಳಿತು. ಉಪ್ಪೇರಿದ ಸವಳು ನೆಲ ಹೇಗೆ ತಿರುಗಿ ಬದುಕುತ್ತದೆ ಎಂದು ಹೇಳುತ್ತಿದ್ದರು. ಅವಳು ಬರೆದಳು. ಮನೆಯಲ್ಲಿ, ಓಣಿಯಲ್ಲಿ ಒಂದು ಸದ್ದೂ ಇರಲಿಲ್ಲ. ಎತ್ತಿದ ಕಲ್ಲನ್ನು ಎತ್ತಿದಲ್ಲೇ ಹಿಡಿದು ಯಾರೋ ನಿಂತ ಹಾಗಿತ್ತು.

ಫ್ಯಾನು ಮತ್ತೆ ತಿರುಗಿತು. ಎರಡು ಹತ್ತಕ್ಕೆ ಪಾಠ ಮುಗಿಯಿತು. ಭವಾನಿ ಲೈನಿಗೆ ಬಂದು, ಸೋಮವಾರ ಇದೇ ಹೊತ್ತಿಗೆ ಮೊದಲನೇ ತರಗತಿ, ಸಿದ್ಧವಿರಬೇಕು ಎಂದಳು. ಪಂಪಾವತಿ ಹೂಂ ಎಂದಳು.

ಹೆಡ್‌ಫೋನು ತೆಗೆದು ಬಗ್ಗಿ ನೋಡಿದಳು. ಇಂಟರ್‌ನೆಟ್ಟಿನ ಡಬ್ಬಿಯ ಹಿಂದೆ, ಮೇಜಿನ ಕಾಲಿಗೆ, ಸಾಬೂನಿನ ಪೆಟ್ಟಿಗೆಯಂಥ ಆ ಕಪ್ಪು ಬ್ಯಾಟರಿಯನ್ನು ಕಡತಕ್ಕೆ ಕಟ್ಟುವ ಕೆಂಪು ಲಾಡಿಯಿಂದ ಎರಡು ಸುತ್ತು ಬಿಗಿದು ಗಂಟು ಹಾಕಲಾಗಿತ್ತು. ಆ ಗಂಟನ್ನು ಅವಳು ಸಾವಿರ ಸಲ ನೋಡಿದ್ದಳು.

ಚೀಟಿಗೆ ಕೈಹಾಕಿದವಳು ಅದನ್ನು ಬಿಟ್ಟು ಲ್ಯಾಪ್‌ಟಾಪನ್ನು ಅಪ್ಪನ ಕಡೆ ತಿರುಗಿಸಿ, ಅಕ್ಷರ ದೊಡ್ಡದು ಮಾಡಿ ಟೈಪು ಮಾಡಿದಳು: 'ಇದನ್ನ ಯಾವಾಗ ತಂದಿರಿ?'

ಅಪ್ಪ ಕಣ್ಣು ಕಿರಿದು ಮಾಡಿ ಓದಿದರು. "ನಿನ್ನೆ. ನಡಕೋತ ಹೋಗಿದ್ದೆ. ರಸೂಲಸಾಬ ಚಾ ಕುಡಿಸಿದ." ಬ್ಯಾಟರಿಯ ಕಡೆ ಕೈ ತೋರಿಸಿ, "ಎಲ್ಲಾದಕೂ ಎರಡನೇದೊಂದು ಇರಬೇಕವಾ," ಎಂದರು.

ಅವಳು ಮತ್ತೆ ಟೈಪು ಮಾಡಿದಳು: 'ಗಡಿಯಾರ ಹತ್ತು ನಿಮಿಷ ಮುಂದೈತಿ.'

ಅಪ್ಪ ಗಡಿಯಾರ ನೋಡಿದರು, ಮಗಳನ್ನು ನೋಡಿದರು. ಅವಳು ಇಷ್ಟು ವರ್ಷ ಎಲ್ಲಿದ್ದಳು ಎಂಬಂತೆ.

"ಹೌದಲ್ಲ," ಎಂದರು. "ಅದು ಯಾವಾಗ ಹಿಂದಿತ್ತು?"

ಪಂಪಾವತಿಗೆ ನಗು ಬಂತು. ಅಪ್ಪನಿಗೆ ಅದು ಕೇಳದಿದ್ದರೂ ಕಂಡಿತು. ಅವರು ಪೆನ್ನು ತೆಗೆದು ಪುಸ್ತಕದ ಮೇಲೆ ಬಗ್ಗಿದರು. 2-15 ಕರೆಂಟು ಹೋಯಿತು. 2-18 ಬಂತು. ಸಹಿ ಹಾಕಿದರು. ಪೆನ್ನಿನ ಮುಚ್ಚಳ ಹಾಕಿದವರು ಮತ್ತೆ ತೆಗೆದು, ಕೊನೆಯ ಅಂಕಣದಲ್ಲಿ ಒತ್ತಿ ಒತ್ತಿ ಬರೆದರು.

ಷರಾ: ಕೆಲಸ ನಡೆದಿತ್ತು.