ಎಫಿಯಾಸ್ ಆರಿಸಿಕೊಟ್ಟ ಬಂದೂಕು

ಸತ್ತ ಎಫಿಯಾಸನ ಖಾಕಿ ಕೋಟಿಗೆ ತೋಳು ತೂರಿಸುತ್ತಾ, ಸತ್ತವನ ಹಾಗೇ ಎಡಗಾಲೆಳೆಯುತ್ತಾ, ಜಕೋನಿಯಾ ಅಂಗಳದ ನಡುವಿಗೆ ಬಂದ. ಚಾಪೆಯ ಮೇಲೆ ಅಳುತ್ತಿದ್ದ ಹೆಂಗಸರು ಮೂಗೊರೆಸಿಕೊಂಡು ನಗಲು ತಯಾರಾದರು. ಜಾಂಬೆಜಿ ಕಣಿವೆಯಲ್ಲಿ ಮನುಷ್ಯ ಸತ್ತರೆ ಅವನನ್ನು ಅಣಕಿಸುವುದು ಆಪ್ತಗೆಳೆಯನ ಹಕ್ಕು. ಅಣಕಿಸದಿದ್ದರೇ ಅವಮಾನ.

"ಏನು ಸ್ವಾಮಿ, ಮೊದಲನೇ ಕೋಣವೋ?" ಜಕೋನಿಯಾ ಖಾಲಿ ಕುರ್ಚಿಯನ್ನು ಕೇಳಿದ. ಎಫಿಯಾಸನದೇ ಗೊಗ್ಗರು ದನಿ. "ಇಷ್ಟು ದೊಡ್ಡ ಬಂದೂಕು ತಂದಿದ್ದೀರಲ್ಲ, ಕೋಣಕ್ಕೋ, ಹೆಂಡತಿಗೆ ತೋರಿಸೋದಕ್ಕೋ?"

ನಗೆ ಸಿಡಿಯಿತು. ಒಳಗೆ, ಹಿಂಗೋಡೆಗೆ ತಲೆಮಾಡಿ, ಪೆಟ್ಟಿಗೆಯಲ್ಲಿ ಮಲಗಿದ್ದವನು ಮಾತ್ರ ನಗಲಿಲ್ಲ. ಅವನ ಮಗಳು ನ್ಯಾರಾಯಿಯೂ ನಗಲಿಲ್ಲ.

ಬೇಟೆ ಬಿಡಾರದಲ್ಲಿ ನಲವತ್ತು ವರ್ಷ ಎಫಿಯಾಸನದು ಒಂದೇ ಕೆಲಸ: ಮೊದಲ ಸಲ ಕಾಡುಕೋಣಕ್ಕೆ ಹೊರಟವರಿಗೆ ಬಂದೂಕು, ತೋಟಾ ಆರಿಸಿಕೊಡುವುದು. ಈಗ ಕೋಣಕ್ಕೆ ಹೊರಡುವ ಸರದಿ ಕಾಡು ಕಾಯುವ ಕೆಲಸದಲ್ಲಿದ್ದ ಅವನ ಮಗಳದು. ಯಾರೋ ಅತಿಥಿ ಗಾಯ ಮಾಡಿಬಿಟ್ಟ ಕೋಣವೊಂದು ಮೂರು ದಿನದಿಂದ ಅಲೆಯುತ್ತಿತ್ತು. ಬೆಳಿಗ್ಗೆ ಅದರ ಹೆಜ್ಜೆ ಸ್ಮಶಾನದ ದಾರಿಯಲ್ಲೇ ಕಂಡಿತ್ತು. ಅದನ್ನು ಕೆಡವದೆ ಹೆಣ ಎತ್ತುವಂತಿಲ್ಲ. ಊರಲ್ಲಿ ಬಂದೂಕಿನ ಪರವಾನಗಿ ಇದ್ದವಳು ಇವಳೊಬ್ಬಳೇ. ಅತ್ತ ಗುಂಡಿ ತೋಡಿ ಮುಗಿದಿತ್ತು. ಇತ್ತ ಗುಂಡು ಆರಿಸುವುದು ಮುಗಿದಿರಲಿಲ್ಲ.

"ನಮ್ಮ ಕುಲದ ಪ್ರಾಣಿಗೇ ಗುರಿ ಇಡ್ತೀಯೇನೇ?" ಸೋದರತ್ತೆ ಕೇಳಿದಳು. "ನಿಮ್ಮಪ್ಪ ಒಂದು ದಿನವೂ ಇಟ್ಟವನಲ್ಲ."

"ಅದನ್ನ ತಿನ್ನಬಾರದು ಅಂತಷ್ಟೇ ಅತ್ತೆ. ಅದರ ಕೊಂಬಿಗೆ ಸಿಕ್ಕಿ ಸಾಯಬೇಕು ಅಂತ ಯಾರೂ ಹೇಳಿಲ್ಲ."

ಬಿಡಾರದವರು ತೋಟಾಗಳ ಜೊತೆ ಎರಡು ಬಂದೂಕು ಕಳಿಸಿದ್ದರು: ನಳಿಗೆಯ ಅಳತೆಯಲ್ಲಿ ನಾಲ್ಕು ಐವತ್ತೆಂಟರ ದೊಡ್ಡದು, ಮೂರು ಎಪ್ಪತ್ತೈದರ ಚಿಕ್ಕದು. ಗಂಡಸರೆಲ್ಲ ನೋಡುತ್ತಿದ್ದಂತೆ ಅವಳು ದೊಡ್ಡದನ್ನೇ ಎತ್ತಿಕೊಂಡಳು.

"ಕೆಳಗಿಡು, ಮಗಾ."

ಜಕೋನಿಯಾ ಅವಳೆದುರು ನಿಂತಿದ್ದ. ಯಾರೋ ಕಿಸಕ್ಕೆಂದರು.

"ಅಣಕ ಸಾಕು, ದೊಡ್ಡಪ್ಪಾ."

"ಅದನ್ನ ಹಿಡಿದರೆ ನೀನು ಕಣ್ಣು ಮುಚ್ಚುತ್ತೀಯ."

*

ಆಗ ಅವಳಿಗೆ ಹತ್ತೊಂಬತ್ತು. ಬಿಡಾರದ ಹಿಂದಿನ ಗುರಿಕಟ್ಟೆಯಲ್ಲಿ ಅಪ್ಪ, ಅವಳು, ಇಬ್ಬರೇ. ನಾಲ್ಕು ಐವತ್ತೆಂಟಕ್ಕೆ ಅಪ್ಪ ತೋಟಾ ತುಂಬಿಕೊಟ್ಟ. ಅವಳು ಕುದುರೆ ಎಳೆದಳು. ಟಿಕ್ ಎಂದಿತು, ಅಷ್ಟೇ. ಅಪ್ಪ ಮೊದಲೇ ಸುಟ್ಟು ಖಾಲಿಯಾದ ತೋಟಾ ಹಾಕಿದ್ದ. ಆದರೂ ಅವಳ ಭುಜ ಅದುರಿತ್ತು, ನಳಿಗೆ ನೆಲ ನೋಡುತ್ತಿತ್ತು, ಕಣ್ಣೆರಡೂ ಗಟ್ಟಿಯಾಗಿ ಮುಚ್ಚಿದ್ದವು.

"ಎಲ್ಲರಿಗೂ ಹೀಗೇ ಮಾಡ್ತೀನಿ," ಅಪ್ಪ ನಕ್ಕ. "ಒದೆಯೋಕೆ ಮೊದಲೇ ಹೆದರಿಸೋ ಬಂದೂಕು ನಿನ್ನದಲ್ಲ."

"ಯಾರಿಗಾದರೂ ಹೇಳಿದರೆ ನೋಡು!"

"ಸತ್ತರೂ ಹೇಳಲ್ಲ, ಹೋಗೇ."

*

"ಯಾರು ಹೇಳಿದ್ದು ನಿನಗೆ?" ನ್ಯಾರಾಯಿ ಕೇಳಿದಳು.

ಜಕೋನಿಯಾ ಚಾಪೆಯ ಮೇಲಿದ್ದ ತೋಟಾಗಳ ಪಕ್ಕ ಕೂತು, ಒಂದೊಂದನ್ನೇ ಹೆಬ್ಬೆರಳಲ್ಲಿ ಉರುಳಿಸಿ ನೋಡಿದ. ಮೆತ್ತನೆ ಮೂತಿಯವನ್ನು ಪಕ್ಕಕ್ಕೆ ತಳ್ಳಿದ. "ಗಾಯದ ಕೋಣ ಎದುರಿಗೇ ಬರೋದು. ಇವು ಹಣೆ ಎಲುಬಿಗೇ ಚಪ್ಪಟೆ ಆಗ್ತವೆ. ಗಟ್ಟಿ ಮೂತಿಯವೇ ತಗೋ." ಆರಿಸಿದ ಐದನ್ನೂ ಚಿಕ್ಕ ಬಂದೂಕಿಗೆ ತುಂಬಿ, ಸರಸರನೆ ಒಳಕ್ಕೆಳೆದು ಹೊರಕ್ಕುಗುಳಿಸಿ ನೋಡಿದ. ಒಂದು ಸಿಕ್ಕಿಕೊಂಡಿತು. ಅದನ್ನು ಎಸೆದು ಬೇರೆ ತುಂಬಿದ.

ಅಂಗಳದಲ್ಲಿ ಈಗ ಯಾರೂ ನಗುತ್ತಿರಲಿಲ್ಲ. ಜಕೋನಿಯಾ ಒಣಮೀನು ಮಾರುವವನು. ಜನ್ಮದಲ್ಲಿ ಬಂದೂಕು ಮುಟ್ಟಿದವನಲ್ಲ.

"ಹೆಜ್ಜೆ ಮುಂದಕ್ಕೆ ಹೋಗಿದೆ ಅಂತ ಮುಂದಕ್ಕೇ ನೋಡಬೇಡ," ಎಂದ, ಬಂದೂಕು ಕೊಡುತ್ತಾ. ಆಮೇಲೆ ಕೋಟು ಕಳಚಿ, ಬೆವರೊರೆಸಿಕೊಂಡು, ತನ್ನ ಕೀರಲು ದನಿಯಲ್ಲಿ ಕೇಳಿದ: "ಯಾಕ್ರೋ ಎಲ್ಲ ಹಿಂಗೆ ನೋಡ್ತೀರಿ? ಕುರ್ಚಿ ಮಾತು ಚೆನ್ನಾಗಿರಲಿಲ್ಲವಾ?"

*

ಸ್ಮಶಾನದ ದಾರಿಯಲ್ಲಿ ಹೆಜ್ಜೆಗಳು ಪೊದೆಯತ್ತ ಹೋಗಿದ್ದವು. ಅವಳು ಮೂವತ್ತು ಮಾರು ನಡೆದಳು. ಹಕ್ಕಿಯ ದನಿಯಿಲ್ಲ. ಊರಿನ ಕಡೆಯಿಂದ ಕೇಳುತ್ತಿದ್ದ ಸಾವಿನ ಹಾಡೂ ನಿಂತುಹೋಗಿತ್ತು. ಅವಳು ಪೊದೆಯನ್ನು ಬಿಟ್ಟು ಹಿಂದಕ್ಕೆ ತಿರುಗಿದಳು.

ಕೋಣ ಬರುತ್ತಿತ್ತು, ಅವಳು ಬಂದ ದಾರಿಯಲ್ಲೇ, ಸದ್ದಿಲ್ಲದೆ, ಮೂತಿ ಮೇಲೆತ್ತಿ. ಹನ್ನೆರಡು ಹೆಜ್ಜೆಗೆ ಒಂದು ಗುಂಡು. ಮಂಡಿಯೂರಿತು, ಎದ್ದಿತು. ಆರು ಹೆಜ್ಜೆಗೆ ಇನ್ನೊಂದು. ಅದರ ಮೂಗಿನ ಹೊಳ್ಳೆಯ ಮೇಲೆ ಕೂತ ನೊಣದವರೆಗೆ ಎಲ್ಲವನ್ನೂ ಅವಳು ಕಂಡಳು. ಕೋಣ ಬಿದ್ದ ರಭಸಕ್ಕೆ ಮಣ್ಣು ಹಾರಿ ಅವಳ ಮೊಣಕಾಲಿಗೆ ಬಡಿಯಿತು.

ಪೆಟ್ಟಿಗೆ ಹೊತ್ತವರು ಅದನ್ನು ಬಳಸಿಕೊಂಡು ಮುಂದೆ ಹೋದರು. ಹಿಡಿ ಮಣ್ಣು ಹಾಕಿ ಮರಳುವಾಗ ನ್ಯಾರಾಯಿ ಕೋಣದ ಹೆಜ್ಜೆಯನ್ನು ಹಿಮ್ಮುಖವಾಗಿ ಹಿಡಿದು ಹೊರಟಳು. ಎಲ್ಲಿ ಅಡಗಿತ್ತೆಂದು ಕಚೇರಿಗೆ ಬರೆದುಕೊಡಬೇಕಿತ್ತು. ಅದು ಹೊಳೆಯ ಕಡೆಯಿಂದ ಬಂದಿರಬೇಕೆಂದು ಅವಳ ಲೆಕ್ಕ. ಹೆಜ್ಜೆ ಹೊಳೆಗೆ ಹೋಗಲಿಲ್ಲ. ಜೋಳದ ಹೊಲ ದಾಟಿತು, ಬೇಲಿ ದಾಟಿತು, ಅವರ ಮನೆಯ ಹಿತ್ತಿಲಿಗೆ ಬಂತು.

ಹಿಂಗೋಡೆಯುದ್ದಕ್ಕೂ ಆಳೆತ್ತರದ ಹುಲ್ಲು ದೊಡ್ಡ ಮೈಯಗಲಕ್ಕೆ ನೆಲಕ್ಕಂಟಿತ್ತು. ರಕ್ತದ ಕಲೆ ಒಂದರ ಮೇಲೊಂದು ಒಣಗಿತ್ತು. ಬೆಳಗಿನಿಂದ, ಅಪ್ಪನ ಪೆಟ್ಟಿಗೆ ಒಳಗಿದ್ದಷ್ಟು ಹೊತ್ತೂ, ಕೋಣ ಇಲ್ಲೇ ಮಲಗಿದ್ದ ಗುರುತು. ಅವಳು ಬಗ್ಗಿದಳು. ಒಳಗೆ ಅಪ್ಪನ ತಲೆ ಇದ್ದ ಜಾಗಕ್ಕೆ ಸರಿಯಾಗಿ, ಮೊಳದೆತ್ತರದಲ್ಲಿ, ಗೋಡೆಯ ಕೆಂಪು ಮಣ್ಣಿನ ಮೇಲೆ ಉಸಿರಿನ ಪಸೆ ಇನ್ನೂ ಆರಿರಲಿಲ್ಲ.